ಕೆಳಗೆ ಏನೋ ಇಲ್ಲ

ಗ್ರಾಮಫೋನ್ ತಟ್ಟೆಯ ನಡುವೆ ಬಿಳಿ ಚೀಟಿ ತಿರುಗುತ್ತಿದೆ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ನನ್ನ ಹೆಸರು ತಿರುಗುವಾಗ ಹೆಸರಾಗಿ ಉಳಿಯುವುದಿಲ್ಲ, ಬೂದು ಬಣ್ಣದ ಒಂದು ಉಂಗುರ ಅಷ್ಟೇ, ಮಾರಾಲ್ ಅಂದರೆ ಒಂದು ಉಂಗುರ, ತಟ್ಟೆ ತಿರುಗಿದರೂ ಅದರ ಮೇಲೆ ಬಿದ್ದ ಬಿಸಿಲು ತಿರುಗದೆ ನಿಂತಲ್ಲೇ ನಿಂತಿದೆ, ಧಬ್ ಧಬ್ ಧಬ್ ಧಬ್, ಇದು ನನ್ನದು, ಈ ಧಬ್ ಹುಟ್ಟಿದ್ದು ಈ ಕೋಣೆಯಲ್ಲಿ, ಹಾಸಿಗೆಗೂ ಗೋಡೆಗೂ ನಡುವೆ ತುರುಕಿದ ಈ ಮೇಜಿನ ಮೇಲೆ, ಈಗ ಸಮುದ್ರ ದಾಟಿ ಹೋಗಿ ಕಪ್ಪು ತಟ್ಟೆಯಾಗಿ ಯಾರದೋ ಸೂಟ್‌ಕೇಸಿನಲ್ಲಿ ರಕ್ತದೊತ್ತಡದ ಮಾತ್ರೆಗಳ ನಡುವೆ ಮಲಗಿಕೊಂಡು ನಮ್ಮ ಕೇರಿ ಬುರ್ಜ್ ಹಮ್ಮೂದ್‌ಗೆ ವಾಪಸು ಬಂದಿದೆ, ನಮ್ಮಲ್ಲಿಗೆ ಏನೇ ಬಂದರೂ ಯಾರದಾದರೂ ಸೂಟ್‌ಕೇಸಿನಲ್ಲೇ ಬರುವುದು, ಎ ಬದಿಗೆ ಎರಡು ಡೀಪ್ ಹೌಸ್ ಕುಣಿತದ ಹಾಡು, ಮೆತ್ತಗೆ, ಒದ್ದೆ ಕಲ್ಲಿನ ಹಾಗೆ, ಬಿ ಬದಿಗೆ ಎರಡು ಟೆಕ್ನೋ, ಬರೀ ಕಬ್ಬಿಣ, ಅಜ್ನಿವ್ ಚಿಕ್ಕಮ್ಮ ಅರೆದ ಮಾಂಸದ ಬೋಗುಣಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಹೋಕಿಸ್, ನನ್ನ ಜೀವ, ಆಗಿಂದ ಬಾಗಿಲು ತಟ್ತಾನೇ ಇದ್ದಾನಲ್ಲೇ, ಯಾರಾದ್ರೂ ಹೋಗಿ ತೆಗೀಬಾರ್ದಾ, ಚಿಕ್ಕಮ್ಮ ಅದು ತಾಳ, ತಾಳ ಸರಿ ಕಣೇ, ಹಾಡೋಳು ಯಾವಾಗ ಬರ್ತಾಳೆ, ಇದರಲ್ಲಿ ಹಾಡೋರು ಯಾರೂ ಇಲ್ಲ, ಅಯ್ಯೋ ಪಾಪ, ಅವಳಿಗೂ ವೀಸಾ ಸಿಕ್ಬಿಡ್ತಾ — ಅಂದು ತನ್ನ ಮಾತಿಗೆ ತಾನೇ ನಗುತ್ತ ಮೆಟ್ಟಿಲಿಳಿದು ಬೇಕರಿಗೆ ಹೋದಳು, ಭಾನುವಾರ ಅಲ್ಲಿ ಬೀದಿಯ ಹೆಂಗಸರೆಲ್ಲ ತಂತಮ್ಮ ಮಾಂಸ ಹಿಡಿದು ನಿಂತಿರುತ್ತಾರೆ, ಬೇಕರಿಯವನು ಹಿಟ್ಟು ತಟ್ಟಿ ಇವರ ಮಾಂಸ ಸವರಿ ಒಲೆಗೆ ತಳ್ಳುವಷ್ಟರಲ್ಲಿ ಯಾರ ಮದುವೆ ಮುರಿಯಿತು, ಯಾರ ಮಗ ಹೊರಟ, ಎಲ್ಲವೂ ಬೆಂದಿರುತ್ತದೆ, ಬೇಗ ಬರುವುದಿಲ್ಲ ಚಿಕ್ಕಮ್ಮ, ಒಳ್ಳೆಯದೇ ಆಯಿತು, ನಾನೊಬ್ಬಳೇ ಕೇಳಬೇಕು, ಸಂಜೆಯೊಳಗೆ ಉತ್ತರ ಕೊಡಬೇಕು.

ಡೆಟ್ಲೆಫ್‌ಗೆ ಉತ್ತರ, ಲೈಪ್‌ಜಿಗ್‌ನಲ್ಲಿ ತಟ್ಟೆ ಒತ್ತುವ ಮುನ್ನ ಸದ್ದನ್ನು ಹದ ಮಾಡುವ ಆ ಮನುಷ್ಯನಿಗೆ, ಅವನು ಬರೆದದ್ದು, ಇದು ಮಾದರಿ ಮಾತ್ರ, ನೀವು ಹೂಂ ಅಂದರೆ ಉಳಿದವನ್ನು ಒತ್ತುತ್ತೇವೆ, ಆದರೆ ಒಂದು ಮಾತು, ನಾಲ್ಕೂ ಹಾಡುಗಳಲ್ಲಿ ತೀರ ಕೆಳಗೆ, ಮಂದ್ರದ ಸದ್ದಿನಲ್ಲಿ, ಒಂದೇ ಜಾಗದಲ್ಲಿ, ಒಂದು ತೂತಿದೆ, ಬೇಕೆಂದೇ ಬಿಟ್ಟಿದ್ದೀರಾ, ನಾನು ತುಂಬಲೇ — ತೂತಂತೆ, ನನ್ನ ಅಂಗಾಲು ಗುಂಯ್ ಅನ್ನುತ್ತಿದೆ, ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿವೆ, ಇವನಿಗೆ ಕಿವಿ ಇದೆಯೋ ಇಲ್ಲವೋ, ಗುರುವಾರದಿಂದ ಅವನ ಮಾತನ್ನು ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ಅದೇ ಗುರುವಾರ ಇನ್ನೊಂದು ಮಾತೂ ಬಂತು, ಲಿಯಾನ್‌ಗೆ ಹೋಗಿರುವ ವಾಚೆಯದು, ವಾಚೆ ಬರೆದಿದ್ದ, ನೀನು ಕಳ್ಸಿದ್ದನ್ನ ಕೇಳ್ದೆ ಮಾರಾಲ್, ತುಂಬಾ ಚೆನ್ನಾಗಿದೆ, ಆದ್ರೆ ಕೆಳಗೆ ಏನೋ ಇಲ್ಲ, ಏನು ಅಂತ ಹೇಳೋಕೆ ಬರ್ತಿಲ್ಲ. ಕೆಳಗೆ ಏನೋ ಇಲ್ಲ. ನಾಲ್ಕು ದಿನದಿಂದ ಇದನ್ನೇ ತಿನ್ನುತ್ತಿದ್ದೇನೆ, ಇದನ್ನೇ ಹೊದ್ದುಕೊಳ್ಳುತ್ತಿದ್ದೇನೆ, ಡೆಟ್ಲೆಫ್ ಬರೆದರೆ ಅದು ಕೆಲಸದ ಮಾತು, ವಾಚೆ ಬರೆದರೆ ಅದು ಬೇರೆ, ಏನು ಅಂತ ಹೇಳೋಕೆ ಬರ್ತಿಲ್ಲ ಅನ್ನುವಾಗ ಗಂಡಸರು ಏನನ್ನು ಹೇಳುತ್ತಿರುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲವೇ, ಅವನಿಗೆ ಅಲ್ಲಿ ಏನಿಲ್ಲ, ಕರೆಂಟಿದೆ, ಕೆಲಸ ಇದೆ, ಟ್ರಾಮ್ ಇದೆ, ಇಲ್ಲದ್ದು ಯಾವುದು, ಯಾರು — ಇದು ತಟ್ಟೆಯ ಮಾತಲ್ಲ, ನನ್ನನ್ನು ಕರೆಯುವ ಮಾತು, ತುಂಬಿಬಿಡಿ ಎಂದು ಡೆಟ್ಲೆಫ್‌ಗೆ ಬರೆದರೆ ಆ ಮಾತೂ ಮುಗಿದುಹೋಗುತ್ತದೆ, ಬರೆಯದಿದ್ದರೆ, ಡೆಟ್ಲೆಫ್ ಹೇಳುವುದು ನಿಜವಾಗಿದ್ದರೆ, ನನ್ನ ಮೊದಲ ತಟ್ಟೆ ತೂತಿನೊಂದಿಗೇ ಅಂಗಡಿಗೆ ಹೋಗುತ್ತದೆ, ಒತ್ತಿದ್ದು ಒತ್ತಿದ್ದೇ, ಹೊಸಬಳು, ಬೇಸ್ ಹಾಕಲು ಬರುವುದಿಲ್ಲ ಅನ್ನುತ್ತಾರೆ, ಎರಡನೆಯದನ್ನು ಯಾರು ಕೇಳುತ್ತಾರೆ.

ವಾಚೆಯ ಅಪ್ಪನ ಚಪ್ಪಲಿ ಕಾರ್ಖಾನೆ ಮುಚ್ಚಿದ ಮೇಲೆ ಕೀಲಿ ಅವನ ಜೇಬಿನಲ್ಲೇ ಇತ್ತು, ಅಂಟಿನ ವಾಸನೆ, ಗೋಡೆ ತುಂಬ ಚಪ್ಪಲಿ ಅಚ್ಚಿನ ಮರದ ಪಾದಗಳು, ಎಲ್ಲ ಎಡಗಾಲಿನವು, ಬಲಗಾಲಿನವನ್ನು ಯಾರೋ ಮಾರಿಕೊಂಡಿದ್ದರು, ಅಲ್ಲಿ ನಾವು ಅವನ ಅಕ್ಕನ ಲ್ಯಾಪ್‌ಟಾಪಿನಲ್ಲಿ ಮೊದಲ ಧಬ್ ಮಾಡಿದೆವು, ಮೋಟಾರಿನ ಕರೆಂಟಿನಲ್ಲಿ, ಇನ್ನಾವುದರಲ್ಲಿ, ದೌಲೆ ದಿನಕ್ಕೆ ಯಾವಾಗ ಬಂದು ಯಾವಾಗ ಹೋಗುತ್ತದೋ ಅದಕ್ಕೇ ಗೊತ್ತು — ದೌಲೆ ಅಂದರೆ ಸರ್ಕಾರ, ಆದರೆ ನಮ್ಮಲ್ಲಿ ದೌಲೆ ಬಂತು ಅಂದರೆ ಸರ್ಕಾರದ ಕರೆಂಟು ಬಂತು ಅಂತ ಅಷ್ಟೇ, ದೌಲೆ ಇದೆಯಾ, ಇಲ್ಲ, ದೌಲೆ ಹೋಯ್ತಾ, ಈಗಷ್ಟೇ, ಮಿಕ್ಕ ಹೊತ್ತೆಲ್ಲ ಬೀದಿ ಬದುಕುವುದು ನೆರ್ಸೆಸ್‌ನ ಡೀಸೆಲ್ ಮೋಟಾರಿನಲ್ಲಿ, ಅದು ನಮ್ಮ ಕಟ್ಟಡದ ಬೆನ್ನಿಗೇ ಇದೆ, ತಗಡಿನ ಗೂಡಿನಲ್ಲಿ, ಅವನೂ ಅಲ್ಲೇ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾನೆ, ಏನಮ್ಮಾ ಸಂಗೀತಗಾರ್ತಿ, ನಿನ್ನ ಹಾಡಿಗೂ ನನ್ನ ಮೋಟಾರಿಗೂ ಏನು ವ್ಯತ್ಯಾಸ ಹೇಳು ನೋಡೋಣ, ನೀನೇ ಹೇಳು ಬಾರೋನ್ ನೆರ್ಸೆಸ್, ಬಾರೋನ್ ಅಂದರೆ ನಮ್ಮಲ್ಲಿ ಯಜಮಾನರು, ನನ್ನದು ನಿಂತ್ರೆ ಜನ ಅಳ್ತಾರೆ, ನಿನ್ನದು ನಿಂತ್ರೆ ದೇವರಿಗೆ ಮೇಣದಬತ್ತಿ ಹಚ್ತಾರೆ — ವಾಚೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಗೋಡೆಗೆ ಅಂಗೈ ಒತ್ತಿ, ಶ್, ಇಲ್ಲಿ ಕೈ ಇಡು, ಅಂದ, ನಾನು ಇಟ್ಟೆ, ಅವನ ಕೈಯ ಪಕ್ಕದಲ್ಲಿ, ಬೆರಳು ತಾಗುವಷ್ಟು ಹತ್ತಿರ ಅಲ್ಲ, ತಾಗದಷ್ಟು ದೂರವೂ ಅಲ್ಲ, ಕೇಳಿಸ್ತಾ, ಇದೇ ನಮ್ಮ ಷಡ್ಜ, ಇಡೀ ಬೀದಿ ಒಂದೇ ಶ್ರುತಿಯಲ್ಲಿದೆ, ಫ್ರಿಜ್ಜು, ದೀಪ, ನಿನ್ನ ಹಲ್ಲು, ಎಲ್ಲ, ಬೇರೆ ಊರಿನವರಿಗೆ ಈ ಭಾಗ್ಯ ಉಂಟಾ — ನನ್ನ ಹಲ್ಲು ಆಗ ನಿಜವಾಗಿಯೂ ಗುಂಯ್ಗುಟ್ಟಿತು, ಅಂದಿನಿಂದ ಏನು ಮಾಡಿದರೂ ಆ ಸದ್ದಿನ ಮೇಲೇ ಮಾಡಿದೆ, ಕೋಲಾಟದವರು ನೆಲ ನೋಡದೆ ಕುಣಿಯುವ ಹಾಗೆ. ಹೋದ ವರ್ಷ ಚರ್ಚಿನಲ್ಲಿ ದ್ರಾಕ್ಷಿಗೆ ಆಶೀರ್ವಾದ ಆಗುವ ಹಿಂದಿನ ದಿನ ಅವನು ಹೊರಟ, ಆಶೀರ್ವಾದಕ್ಕೆ ಮುಂಚೆ ನಮ್ಮವರು ದ್ರಾಕ್ಷಿ ಮುಟ್ಟುವುದಿಲ್ಲ, ನಾವಿಬ್ಬರು ಮೆಟ್ಟಿಲ ಮೇಲೆ ಕೂತು ಒಂದು ಗೊಂಚಲು ಪೂರ್ತಿ ತಿಂದೆವು, ಕದ್ದವರ ಹಾಗೆ, ನೀನೂ ಬಾ ಮಾರಾಲ್, ಅಲ್ಲಿ ಕರೆಂಟೇ ಹೋಗಲ್ವಂತೆ, ತಟ್ಟೆ ಮುಗೀಲಿ, ಬರ್ತೀನಿ, ಅಂದೆ, ತಟ್ಟೆ ಮುಗಿದಿದೆ.

ದೌಲೆ! — ನೆರ್ಸೆಸ್ ಕೂಗಿದ, ಈ ಹೊತ್ತಿನಲ್ಲಿ, ಭಾನುವಾರ ಮಧ್ಯಾಹ್ನ, ಯಾರು ಕೇಳಿದ್ದರು, ಅವನ ಮೋಟಾರು ಕೆಮ್ಮಿತು, ತಟ್ಟೆ ಒಂದು ಗಳಿಗೆ ಸೋತು ಹಾಡು ಜೋಲು ಬಿದ್ದು ಕರಗಿ ಮತ್ತೆ ಎದ್ದಿತು, ಮೋಟಾರು ನಿಂತಿತು, ಚಿಕ್ಕಮ್ಮ ಇದ್ದಿದ್ದರೆ ಈಗ ಓಡಾಡುತ್ತಿದ್ದಳು, ದೌಲೆ ಬಂತು ದೌಲೆ ಬಂತು, ಬಟ್ಟೆ ಯಂತ್ರ ಹಾಕು, ನೀರು ಕಾಯಿಸು, ಇಸ್ತ್ರಿ ಎಲ್ಲಿ, ಮೋಟಾರಿನ ಐದು ಆಂಪಿಯರು ಇವನ್ನೆಲ್ಲ ತಾಳುವುದಿಲ್ಲ, ಆದ್ದರಿಂದ ದೌಲೆ ಬಂದಾಗ ಮನೆಯೆಲ್ಲ ಗಡಗಡ, ಆ ಹೊತ್ತಿನಲ್ಲಿ ಹಾಡು ಕೇಳುವವರು ಯಾರು, ನಾನಂತೂ ಎಂದೂ ಕೇಳಿಲ್ಲ, ನನ್ನ ಕೆಲಸವೆಲ್ಲ ಮೋಟಾರಿನ ಹೊತ್ತಿನದು, ಆದರೆ ಇವತ್ತು ಮನೆಯಲ್ಲಿ ಯಾರೂ ಇಲ್ಲ, ಯಂತ್ರಗಳು ಬಾಯಿ ಮುಚ್ಚಿವೆ, ನೀರಿನಲ್ಲಿ ಬಳೆಗಳಿಲ್ಲ, ಧಬ್ ಧಬ್ ಧಬ್ ಧಬ್ — ಇದೇನು. ಇದೇನಿದು. ಹಾಡು ಗಾಳಿಯಲ್ಲಿ ತೂಗುತ್ತಿದೆ, ಮೇಲೆಲ್ಲ ಇದೆ, ಗಿಲಕಿ ಇದೆ, ತಂತಿ ಇದೆ, ಮೋಡದ ಹಾಗಿನ ಆ ಸ್ವರಗಳಿವೆ, ಕೆಳಗೆ ಮಾತ್ರ ಮೆಟ್ಟಿಲು ಮುಗಿದು ಕಾಲು ಇಟ್ಟಲ್ಲಿ ಮೆಟ್ಟಿಲಿಲ್ಲ, ತಟ್ಟೆ ತಿರುಗಿಸಿ ಹಾಕಿದೆ, ಬಿ ಬದಿ, ಅಲ್ಲೂ ಅದೇ, ಕಬ್ಬಿಣಕ್ಕೆ ನೆಲವೇ ಇಲ್ಲ, ಅಂದರೆ ನಾನು — ಅಂದರೆ ಎಂಟು ತಿಂಗಳು ಪೂರ್ತಿ ನೆರ್ಸೆಸ್ ತನ್ನ ಮೋಟಾರಿನಿಂದ ನನ್ನ ಜೊತೆ ಬಾರಿಸುತ್ತಿದ್ದ, ಅಂಗಾಲಿನಿಂದ ಬರುವುದನ್ನು ಯಾವ ಹೆಡ್‌ಫೋನೂ ತಡೆಯುವುದಿಲ್ಲ, ಅವನು ಬಾರಿಸುವ ಜಾಗವನ್ನು ನಾನು ಅವನಿಗೆ ಬಿಟ್ಟುಕೊಟ್ಟಿದ್ದೇನೆ, ಮನೆಯವರಿಗೆ ಕುರ್ಚಿ ಬಿಡುವ ಹಾಗೆ, ಗೊತ್ತಾಗದೆಯೇ, ಹಾಡು ಸಮುದ್ರ ದಾಟಿ ಹೋಗಿದೆ, ನೆರ್ಸೆಸ್ ಹೋಗಿಲ್ಲ. ನಗು ಬಂತು, ಹಾಗಾದರೆ ಡೆಟ್ಲೆಫ್ ಹೇಳಿದ್ದು ನಿಜ, ಹಾಗಾದರೆ ವಾಚೆ ಹೇಳಿದ್ದೂ — ಇಲ್ಲ, ವಾಚೆಯ ಮಾತು ಬೇರೆ, ವಾಚೆಗೆ ಇದು ಗೊತ್ತಾಗಿಯೇ ಇರಬೇಕು, ಗೋಡೆಗೆ ಕೈ ಇಡಿಸಿದವನು ಅವನು, ಕೆಳಗೆ ಏನೋ ಇಲ್ಲ ಅಂದರೆ ಬೀದಿ ಇಲ್ಲ, ಗೋಡೆ ಇಲ್ಲ, ನಮ್ಮ ಷಡ್ಜ ಇಲ್ಲ, ಅದೇ ಅಲ್ಲವೇ ಅವನು ಹೇಳಲು ಬಾರದೆ ಬಿಟ್ಟದ್ದು, ಅದು ಇಲ್ಲದೆ ಅವನಿಗೆ ಆಗುತ್ತಿಲ್ಲ, ಹಾಗಿದ್ದರೆ ತೂತು ತೂತಾಗಿಯೇ ಇರಲಿ, ಮಿಕ್ಕವರು ಬೈದುಕೊಳ್ಳಲಿ, ಅವನೊಬ್ಬನಿಗೆ ಗೊತ್ತಾದರೆ ಸಾಕು — ದೌಲೆ ಹೋಯಿತು, ಎಷ್ಟು ಬೇಗ, ಮೋಟಾರು ಗುರುಗುಟ್ಟಿ ಹತ್ತಿಕೊಂಡಿತು, ನೀರಿನಲ್ಲಿ ಬಳೆ ಎದ್ದವು, ಹಾಡಿಗೆ ಕಾಲು ಬಂತು, ಈಗ, ಈಗಲೇ ಅವನಿಗೆ ಕೇಳಿಸಬೇಕು, ಇಲ್ಲಿಂದ, ಇದರ ಜೊತೆ.

ಫೋನು ಒಂದು, ಎರಡು, ಎತ್ತಿದ, ಮುಖ, ಹಿಂದೆ ಬಿಳೀ ಅಡುಗೆಮನೆ, ಕೂದಲು ಕತ್ತರಿಸಿಕೊಂಡಿದ್ದಾನೆ, ಮಾರಾಲ್! ಏನೇ ಇದ್ದಕ್ಕಿದ್ದ ಹಾಗೆ, ಮಾತಾಡಬೇಡ, ಸುಮ್ನೆ ಕೇಳು, ಏನೂ ಹೇಳ್ಬೇಡ, ಫೋನನ್ನು ನೆಲದ ಹತ್ತಿರ ಹಿಡಿದೆ, ಸ್ಪೀಕರಿಗೂ ಗೋಡೆಗೂ ನಡುವೆ, ತಟ್ಟೆ ಸುತ್ತಿತು, ಧಬ್ ಧಬ್ ಧಬ್ ಧಬ್, ಅದರಡಿಯಲ್ಲಿ ನೆರ್ಸೆಸ್, ಪೂರ್ತಿಯಾಗಿ, ಎಷ್ಟು ಸುಂದರ, ದೇವರೇ ಎಷ್ಟು ಸುಂದರ, ಫೋನು ತಿರುಗಿಸಿ ಅವನ ಮುಖ ನೋಡಿದೆ. ಹುಬ್ಬುಗಳ ನಡುವೆ ಒಂದು ಗೆರೆ. ನೆಟ್ಟನೆಯದು, ಸಣ್ಣದು, ಹುಳಿ ಕಚ್ಚಿದವರಿಗೆ ಮೂಡುವಂಥದು, ಹೊರದೇಶದವರು ನಮ್ಮ ಬೀದಿಗೆ ಬಂದ ಮೊದಲ ದಿನ ಕಾಫಿ ಕುಡಿಯುತ್ತ ಅತ್ತಿತ್ತ ನೋಡುವಾಗ ಮೂಡುವಂಥದು, ಏನೇ ಅದು ಗುಂಯ್ ಅಂತಿರೋದು, ನಿಮ್ಮ ಫ್ರಿಜ್ ಕೆಟ್ಟಿದ್ಯಾ, ಕಿಟಕಿ ಹಾಕೆ, ಹಾಡೇ ಕೇಳಿಸ್ತಿಲ್ಲ. ನಾನು ಎದ್ದು ಹೋಗಿ ಕಿಟಕಿ ಹಾಕಿದೆ, ಯಾಕೆ ಹಾಕಿದೆ, ಕಿಟಕಿ ಹಾಕಿದರೆ ಹೋಗುವ ಸದ್ದೇ ಅದು, ಇನ್ನೂ ಬರ್ತಿದೆ ನೋಡು, ಅಂದ, ಗೆರೆ ಹಾಗೇ ಇದೆ, ನೆರ್ಸೆಸ್, ಅಂದೆ, ಯಾರು, ನೆರ್ಸೆಸ್ ಕಣೋ, ಮೋಟಾರು — ಓ! ಅಯ್ಯೋ ಮರ್ತೇಹೋಗಿತ್ತು ನೋಡು, ನಕ್ಕ, ಇನ್ನೂ ಬದುಕಿದಾನಾ ಮುದುಕ, ಅದು ಹೇಗೆ ಇರ್ತೀರೋ ಮಾರಾಯ್ತಿ ಆ ಸದ್ದಿನ ಜೊತೆ. ಇರ್ತೀರೋ, ಅಂದ. ಇದ್ವೋ ಅನ್ನಲಿಲ್ಲ. ನಾನು ಕೇಳಿದೆ, ಕೇಳಬಾರದಿತ್ತು, ಆದರೂ ಕೇಳಿದೆ, ವಾಚೆ, ಕೆಳಗೆ ಏನೋ ಇಲ್ಲ ಅಂದ್ಯಲ್ಲ, ಏನದು, ಹಾಂ ಅದಾ, ಆಮೇಲೆ ಗೊತ್ತಾಯ್ತು, ಇಲ್ಲಿ ಸ್ನೇಹಿತರ ಹತ್ರ ದೊಡ್ಡ ಸ್ಪೀಕರಲ್ಲಿ ಹಾಕಿ ನೋಡಿದ್ವಿ, ಬೇಸ್ ಕಣೇ, ಬೇಸ್ ಸಾಲ್ದು ಅಷ್ಟೇ, ಅಲ್ಲಿ ಡೆಟ್ಲೆಫ್‌ಗೆ ಹೇಳು, ತುಂಬ್ತಾನೆ, ದೊಡ್ಡ ಕೆಲಸ ಏನಲ್ಲ, ಮಿಕ್ಕಿದ್ದೆಲ್ಲ ಬೆಂಕಿ, ನಿಜವಾಗ್ಲೂ, ನಿನ್ನ ಬಗ್ಗೆ ಹೆಮ್ಮೆ ನನಗೆ, ಸರಿ ಕಣೇ, ಒಲೆ ಮೇಲೆ ಏನೋ ಇದೆ, ಅಜ್ನಿವ್ ಚಿಕ್ಕಮ್ಮನಿಗೆ ನನ್ನ ಮುತ್ತು ಹೇಳು, ಕಿಟಕಿ ಹಾಕ್ಕೊಂಡು ಮಲಗು.

ತುಂಬಿಬಿಡಿ, ಎಂದು ಬರೆದೆ, ನಾಲ್ಕರಲ್ಲೂ, ಕೆಳಗಿನ ಜಾಗವನ್ನು ಪೂರ್ತಿ ತುಂಬಿಬಿಡಿ, ಬೇಕೆಂದು ಬಿಟ್ಟದ್ದಲ್ಲ, ವಂದನೆಗಳು, ಹೋಯಿತು, ಮಾತು ಹೋದ ಗುರುತು ಮೂಡಿತು, ಡೆಟ್ಲೆಫ್ ಅಲ್ಲೇ ಕಾದು ಕೂತಿದ್ದ ಹಾಗೆ ಹೆಬ್ಬೆರಳು ಎತ್ತಿದ, ಒಳ್ಳೆಯ ತಟ್ಟೆಯಾಗುತ್ತದೆ, ನಿಜ, ಒಳ್ಳೆಯದಾಗುತ್ತದೆ, ಲೈಪ್‌ಜಿಗ್‌ನಲ್ಲಿ, ಲಿಯಾನ್‌ನಲ್ಲಿ, ಕರೆಂಟು ಹೋಗದ ಊರುಗಳಲ್ಲೆಲ್ಲ ಅದಕ್ಕೆ ಕಾಲಿರುತ್ತದೆ, ಇಲ್ಲಿ ಮಾತ್ರ ಅದನ್ನು ಹಾಕುವಂತಿಲ್ಲ, ಮೋಟಾರಿನ ಮೇಲೆ ಮೋಟಾರು ಕೂತು ಕೆಸರಾಗುತ್ತದೆ, ನನ್ನ ಮೊದಲ ತಟ್ಟೆಯನ್ನು ನನ್ನ ಕೋಣೆಯಲ್ಲಿ ಕೇಳಬೇಕಾದರೆ ದೌಲೆ ಬರುವವರೆಗೆ ಕಾಯಬೇಕು, ಬಟ್ಟೆ ಯಂತ್ರದ ಜೊತೆ ಜಗಳಾಡಬೇಕು, ಇರಲಿ, ಚಿಕ್ಕಮ್ಮ ಮೆಟ್ಟಿಲು ಹತ್ತುತ್ತಿದ್ದಾಳೆ, ಉಸಿರು ಮೊದಲು ಬರುತ್ತದೆ, ಆಮೇಲೆ ಬಿಸಿ ರೊಟ್ಟಿಯ ವಾಸನೆ, ಆಮೇಲೆ ಅವಳು, ಏನೇ ಕಿಟಕಿ ಹಾಕ್ಕೊಂಡು ಕೂತಿದೀಯ ಈ ಸೆಕೆಯಲ್ಲಿ, ಬಾಗಿಲು ತಟ್ತಿದ್ದವನು ಹೋದ್ನಾ, ಹೋದ ಚಿಕ್ಕಮ್ಮ, ಒಳ್ಳೇದಾಯ್ತು, ಬಾ, ಆರಿಹೋಗೋ ಮುಂಚೆ ತಿನ್ನು, ನಿಂಬೆ ಎಲ್ಲಿಟ್ಟೆ — ತಿನ್ನುತ್ತೇನೆ, ಒಂದು ಗಳಿಗೆ, ಅವನ ಮುಖವನ್ನು ಒಂದು ಸಲ ಸರಿಯಾಗಿ ನೆನಪಿಸಿಕೊಳ್ಳುತ್ತೇನೆ, ಹಳೆಯದು, ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ ನಾವು ಮೊದಲ ಸಲ ಜನರ ಮುಂದೆ ನುಡಿಸಿದಾಗ ಕರೆಂಟು ಹೋಗಿ ಎಲ್ಲ ಕತ್ತಲಾಯಿತು, ಕುಣಿಯುತ್ತಿದ್ದವರು ನಿಲ್ಲಲಿಲ್ಲ, ಚಪ್ಪಾಳೆಯಲ್ಲೇ ತಾಳ ಹಿಡಿದು ಕುಣಿದರು, ಯಾರೋ ಲೈಟರ್ ಹಚ್ಚಿದರು, ಆ ಬೆಳಕಿನಲ್ಲಿ ಅವನು ನನ್ನ ಕಡೆ ತಿರುಗಿದ, ಬೆವರು, ಹಲ್ಲು, ನಗು, ಹುಬ್ಬುಗಳ ನಡುವೆ ಒಂದು ಗೆರೆ, ಇಲ್ಲ, ಆಗ ಅದಿರಲಿಲ್ಲ, ಬೇರೆಯದು, ಸಮುದ್ರದ ಬಂಡೆಯ ಮೇಲೆ, ಉಪ್ಪು ಒಣಗಿದ ರೆಪ್ಪೆ, ಕಣ್ಣು ಮುಚ್ಚಿ ಮಲಗಿದ್ದಾನೆ, ಹುಬ್ಬುಗಳ ನಡುವೆ, ಇಲ್ಲ, ಇನ್ನೊಂದು, ಶಾಲೆಯ ಗೋಡೆ, ಹನ್ನೊಂದು ವರ್ಷದ ಹುಡುಗ, ಮುಂದಿನ ಹಲ್ಲು ಮುರಿದಿದೆ, ನನ್ನ ಕಡೆ ನೋಡುತ್ತಾನೆ, ಗೆರೆ, ಎಲ್ಲಿ ತಿರುಗಿಸಿದರೂ, ಹುಬ್ಬುಗಳ ನಡುವೆ, ಸಣ್ಣದು, ನೆಟ್ಟನೆಯದು, ಆ ಗೆರೆ.