ಹುಟ್ಟಿಗೆ ಕಟ್ಟಿದ ರುಮಾಲು

ಏಡನ್ನಿನ ಸಂಶೋಧನಾ ಕೇಂದ್ರದಲ್ಲಿ ಸಾಲ್ಮೀನನದು ದೊಡ್ಡ ಹೆಸರು. ಸಮುದ್ರದ ಭದ್ರತೆಯ ಬಗ್ಗೆ ಅವನು ಬರೆದದ್ದನ್ನು ನೌಕಾಪಡೆಯವರೂ ವಿಮೆಯವರೂ ಕಣ್ಣಿಗೊತ್ತಿಕೊಂಡು ಓದುತ್ತಿದ್ದರು. ಅದರಲ್ಲೂ ದಾಳಿಕೋರರ ದೋಣಿಗೆ ಅವನು ಕೊಟ್ಟ ಲಕ್ಷಣ ಎಲ್ಲರಿಗೂ ಬಾಯಿಪಾಠ: ದೋಣಿ ಹಡಗಿನತ್ತಲೇ ನುಗ್ಗುತ್ತದೆ, ಅದರಲ್ಲಿದ್ದವನು ಉದ್ದನೆಯದೇನನ್ನೋ ಎತ್ತಿ ಹಿಡಿದಿರುತ್ತಾನೆ. ಆ ಒಂದು ಸಾಲಿನಿಂದ ಅವನಿಗೆ ದೊಡ್ಡ ಕುರ್ಚಿ ಸಿಕ್ಕಿತು, ಜಿನೀವಾದಿಂದ ಕರೆ ಬಂತು.

ಹೋದ ತಿಂಗಳು ಅವನ ಹುಟ್ಟೂರು ಶಿಹ್ರ್‌ನ ಎದುರಿನ ಸಮುದ್ರದಲ್ಲಿ ಹಡಗೊಂದರ ಕಾವಲಿನವರು ಫರಜ್‌ನನ್ನು ಗುಂಡಿಕ್ಕಿ ಕೊಂದರು. ಫರಜ್ ಸಾಲ್ಮೀನನ ಚಿಕ್ಕಮ್ಮನ ಒಬ್ಬನೇ ಮಗ. ಹಡಗು ಬಲೆಯ ಮೇಲೆ ಹಾಯುವಂತಿದ್ದರೆ ಅದರ ಮುಂದಕ್ಕೇ ದೋಣಿ ಓಡಿಸಿ, ಹುಟ್ಟಿಗೆ ತಲೆಯ ರುಮಾಲು ಕಟ್ಟಿ ಬೀಸುವುದು ಆ ಊರಿನವರ ರೂಢಿ. ಬಲೆ ಇದೆ, ಆಚೆ ತಿರುಗಿಸಿ ಎಂದು ಅರ್ಥ. ಅಂದು ಫರಜ್ ಮಾಡಿದ್ದೂ ಅದನ್ನೇ. ಸಾಲ್ಮೀನನ ಅಪ್ಪನೂ ಹಾಗೆ ಬೀಸಿದವನೇ. ಆ ಸಾಲು ಬರೆಯುವಾಗ ಅದು ಹೇಗೆ ಮರೆತುಹೋಯಿತೋ, ದೇವರೇ ಬಲ್ಲ!

ಕೇಂದ್ರದ ವರದಿಯಲ್ಲಿ, ಗುಂಡಿಗೆ ಸತ್ತ ದಾಳಿಕೋರರ ಪಟ್ಟಿಗೆ ಫರಜ್‌ನ ಹೆಸರೂ ಸೇರಿತು. ಸಾಲ್ಮೀನ್ ನಿರ್ದೇಶಕ ವಜ್ದಿಯ ಮುಂದೆ ಹೋಗಿ ನಿಂತ.

"ಉಸ್ತಾದ್, ಇವನು ಮೀನುಗಾರ. ನನ್ನ ಚಿಕ್ಕಮ್ಮನ ಮಗ."

"ಅಯ್ಯೋ ಪಾಪ," ಎಂದ ವಜ್ದಿ. "ಆದ್ರೆ ಇವನು ಮೀನುಗಾರ ಅಂದ್ರೆ, ಪಟ್ಟಿಯಲ್ಲಿರೋ ಮಿಕ್ಕೋರೆಲ್ಲ ಯಾರಯ್ಯಾ?"

ವಜ್ದಿ ವರದಿಯನ್ನು ಅವನತ್ತ ಸರಿಸಿದ.

"ನಿನ್ನ ಸಾಲು ಸುಳ್ಳು ಅಂತ ನೀನೇ ಬರೀತೀಯಾ? ಬರಿ, ನಾನೇನು ಕೈ ಹಿಡ್ಕೊಳ್ಳಲ್ಲ. ಆಮೇಲೆ ಇಲ್ಲಿಗೆ ಬರೋ ತೊಂದರೆ ಮಾತ್ರ ತಗೋಬೇಡ."

ಸಾಲ್ಮೀನ್ ಬರೆಯಲಿಲ್ಲ. ಥೂ, ಅಷ್ಟೆಲ್ಲ ಓದಿ ಏನು ಬಂತು!

ಊರಿಗೆ ಬರುವಾಗ ಆ ವರದಿಯ ಕಾಗದ ತಗೊಂಡೇ ಬಾ ಎಂದು ಚಿಕ್ಕಮ್ಮ ಶೈಖಾ ಫೋನಿನಲ್ಲಿ ಅತ್ತು ಹೇಳಿದ್ದಳು. ಶಿಹ್ರ್‌ನ ಮನೆಯಲ್ಲಿ ಅವನ ಕೈಗೆ ಶುಂಠಿ ಕಾಫಿ ಕೊಟ್ಟು ಎದುರಿಗೇ ಕೂತಳು.

"ಮೀನು ಮಾರ್ಕೆಟ್ಟಲ್ಲಿ ನನ್ನನ್ನ ಕಡಲ್ಗಳ್ಳನ ತಾಯಿ ಅಂತಾರಪ್ಪ. ಮೊಮ್ಮಗಳಿಗೆ ಗೊತ್ತಾಗಿದ್ದ ಸಂಬಂಧಾನೂ ಬೇಡ ಅಂತಿದಾರೆ. ನಿಮ್ಮ ದೊಡ್ಡೋರು ನನ್ನ ಮಗನ್ನ ಏನಂತ ಬರ್ದಿದಾರೆ? ಓದು."

ವರದಿ ಇಂಗ್ಲಿಷಿನಲ್ಲಿತ್ತು. ಸಾಲ್ಮೀನ್ ದಾಳಿಕೋರ ಎಂದಿದ್ದ ಕಡೆ ಬೆರಳಿಟ್ಟುಕೊಂಡು, ಮಾತು ತಡವರಿಸದಂತೆ, ತಮ್ಮ ಅರಬ್ಬಿಯಲ್ಲಿ ಓದಿದ: "ಶಿಹ್ರ್‌ನ ಮೀನುಗಾರ ಫರಜ್."

"ಇನ್ನೊಂದ್ಸಲ ಓದು ಕಂದಾ."

ಇನ್ನೊಂದು ಸಲವೂ ಹಾಗೆಯೇ ಓದಿದ. ಮಗ ಸತ್ತ ಮೇಲೆ ಚಿಕ್ಕಮ್ಮನ ಮುಖ ಅರಳಿದ್ದು ಅದೇ ಮೊದಲು. ಅವನ ತಲೆ ಸವರಿ, ಅವನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಿನ್ನನ್ನ ಓದಿಸಿದ್ದು ಸಾರ್ಥಕ ಆಯ್ತಪ್ಪ," ಎಂದವಳೇ ಕಾಗದವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಡಚಿದಳು. "ಇದು ನನ್ನ ಹತ್ರಾನೇ ಇರ್ಲಿ. ಈಗ್ಲೇ ಬೀಗರ ಮನೆಗೆ ತಗೊಂಡ್ಹೋಗ್ತೀನಿ. ಮದುವೆ ಹುಡುಗ ಇಂಗ್ಲಿಷ್ ಮೇಷ್ಟ್ರು. ಅವನ ಬಾಯಿಂದಾನೇ ಎಲ್ಲರಿಗೂ ಕೇಳಿಸ್ತೀನಿ."

"ಚಿಕ್ಕಮ್ಮಾ..." ಎಂದ ಸಾಲ್ಮೀನ್.

"ಕುಡಿಯಪ್ಪ, ಕಾಫಿ ಆರ್‍ಹೋಗುತ್ತೆ," ಎನ್ನುತ್ತ ಅವಳು ಆಗಲೇ ಬುರ್ಖಾ ಹಾಕಿಕೊಳ್ಳುತ್ತಿದ್ದಳು.