ಮಣಿಕರ್ಣಿಕೆಯಲ್ಲಿ ಬಿಟ್ಟ ವೆಲ್‌ಹೈಮ್

ವಿಲನ್ ತಾನಾಗಿಯೇ ಬಂದು ನಮ್ಮ ದೋಣಿ ಹತ್ತಿದ. ಹುಡುಕಿಕೊಂಡು ಹೋಗುವ ಕೆಲಸ ತಪ್ಪಿತು.

ಕಾಶಿಯ ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ನಾನು ದರ್ಭೆ, ಎಳ್ಳು, ತಾಮ್ರದ ಚೊಂಬು ಜೋಡಿಸಿಕೊಳ್ಳುತ್ತಿದ್ದೆ. ಶಿವಮೊಗ್ಗದ ಕಡೆಯಿಂದ ಬಂದ ಯಾತ್ರಿಕರ ಗುಂಪು ಒಬ್ಬೊಬ್ಬರಾಗಿ ಇಳಿಯುತ್ತಿತ್ತು. ಎಲ್ಲರಿಗಿಂತ ಮುಂದೆ ತುಳಸಮ್ಮ ಎಂಬ ಹಿರಿಯ ಹೆಂಗಸು. ಅವರ ಹಿಂದೆ, ರೇಷ್ಮೆ ಪಂಚೆಗೆ ಕಪ್ಪು ಕನ್ನಡಕ ಹಾಕಿಕೊಂಡು, ಅವರ ಮಗ. ಪ್ರಭಾಕರ. ನಮ್ಮೂರ ಹೊರಗಿನ ವೆಲ್‌ಹೈಮ್ ಕಾರುಗಳ ಸರ್ವಿಸ್ ಸೆಂಟರಿನ ಮ್ಯಾನೇಜರ್.

ನನ್ನ ತಲೆಯೊಳಗೆ ಇಂಟರ್ವಲ್ ಬೆಲ್ ಹೊಡೆಯಿತು. ಅಪ್ಪನ ಕಿವಿಯ ಹತ್ತಿರ ಬಗ್ಗಿದೆ.

"ಅಪ್ಪಾ, ಅವನೇ."

"ನೋಡ್ದೆ."

"ಗಂಗೆ ಆಳ ಇದೆ, ದೋಣಿ ಹಳೇದಿದೆ. ನೀನು ಊಂ ಅನ್ನು ಸಾಕು, ಮುಂದಿನ ಸೀನ್ ನನ್ದು."

"ಲೋ ನಂದನ, ನಿನ್ನ ಸಿನಿಮಾ ಬಂದ್ ಮಾಡು. ಇವತ್ತು ಅವನು ಕರ್ತೃ. ಅವನಪ್ಪನಿಗೆ ಪಿಂಡ ಇಡಕ್ಕೆ ಬಂದಿದಾನೆ. ಪಿಂಡ ಮುಗಿಯೋ ತನಕ ನಿನ್ನ ಬಾಯಿ ತೆರೀಬಾರದು. ಸಮಝೇ?"

"ಮುಗಿದ್ಮೇಲೆ?"

ಅಪ್ಪ ಚೊಂಬು ಎತ್ತಿಕೊಂಡು ದೋಣಿಯ ಕಡೆ ನಡೆದ. ನಾನು ಅದನ್ನು ಪರ್ಮಿಷನ್ ಎಂದು ತಿಳಿದುಕೊಂಡೆ.

ಅಪ್ಪನ ಹೆಸರು ರಾಘವೇಂದ್ರಾಚಾರ್ಯ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ತೀರ್ಥವಿಧಿ ಮಾಡಿಸುವುದು ನಮ್ಮ ಮನೆತನದ ಕೆಲಸ. ಮನೆ ಇರುವುದು ವಿಶ್ವನಾಥ ಗಲ್ಲಿಯ ಹಿಂದೆ. ಎದುರಿನಿಂದ ಹಸು ಬಂದರೆ ನಾವು ಯಾರದ್ದಾದರೂ ಅಂಗಡಿಯೊಳಗೆ ನುಗ್ಗಿ ನಿಲ್ಲಬೇಕು. ಅಂಥ ಗಲ್ಲಿಯ ಮನುಷ್ಯನಿಗೆ ಕಾರಿನ ಹುಚ್ಚು, ಅದೂ ವೆಲ್‌ಹೈಮಿನ ಹುಚ್ಚು. ಚಿಕ್ಕವನಿದ್ದಾಗ ಒಬ್ಬ ಶ್ರೀಮಂತ ಯಾತ್ರಿಕ ಅವನನ್ನು ಸಾರನಾಥದಿಂದ ಆ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದನಂತೆ. "ಕಿಟಕಿ ಏರ್ಸಿದ್ರೆ ಊರಿನ ಒಂದು ಹಾರ್ನೂ ಒಳಗೆ ಬರ್ತಿರ್ಲಿಲ್ಲ ಕಣೋ. ಗರ್ಭಗುಡಿ ಇದ್ದಂಗಿತ್ತು" ಎಂದು ಅಪ್ಪ ಈಗಲೂ ಹೇಳುತ್ತಿದ್ದ.

ಎರಡು ವರ್ಷದ ಹಿಂದೆ ಲಖನೌದ ಡಾಕ್ಟರೊಬ್ಬರಿಂದ ಹಳೆಯ ಬಿಳಿ ವೆಲ್‌ಹೈಮ್ ಕೊಂಡ. ಯಾತ್ರಿಕರನ್ನು ಏರ್‌ಪೋರ್ಟಿನಿಂದ ಕರೆತರಲು ಎಂದು ಎಲ್ಲರಿಗೂ ಹೇಳಿದ. ನಿಜವಾಗಿ ಅದು ಒಳಗೆ ಕೂರುವುದಕ್ಕೆ. ಗಲ್ಲಿಗೆ ಬಾರದ ಕಾರಾದ್ದರಿಂದ ಅಸ್ಸಿಯಲ್ಲಿ ಚಾದ ಅಂಗಡಿಯ ಪಕ್ಕ ನಿಲ್ಲಿಸುತ್ತಿದ್ದ. ದಿನಾ ಸ್ನಾನ ಮುಗಿಸಿ ಬಂದು ಅದರ ಮೂತಿಯ ಬೆಳ್ಳಿ ಹಂಸಕ್ಕೆ ಕುಂಕುಮ ಇಡುತ್ತಿದ್ದ. ಇಷ್ಟು ದೊಡ್ಡ ಕಂಪನಿ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ.

ಕಾರು ಮೊದಲ ಸಲ ದಾರಿಯಲ್ಲಿ ನಿಂತಾಗ ಸರ್ವಿಸ್ ಸೆಂಟರಿನವರು, "ಚೆಕ್ ಮಾಡ್ಬೇಕು, ಗಾಡಿ ಬಿಟ್ಟು ಹೋಗಿ, ಫೋನ್ ಮಾಡ್ತೀವಿ" ಎಂದರು. ಯಾವುದೋ ಕಂಪ್ಯೂಟರ್ ಪೆಟ್ಟಿಗೆ ಬದಲಿಸಿದರು. ಎರಡನೆಯ ಸಲವೂ ಅದೇ ಮಾತು, ಬೇರೆ ಪೆಟ್ಟಿಗೆ. ಮೂರನೆಯ ಸಲ ಇಡೀ ಗೇರ್‌ಬಾಕ್ಸೇ ಹೋಗಿದೆ ಎಂದರು. ಅಜ್ಜಿ ಕೃಷ್ಣಮ್ಮನ ಅವಲಕ್ಕಿ ಸರ ಆ ಗೇರ್‌ಬಾಕ್ಸಿನೊಳಗೆ ಹೋಯಿತು. ಹೊಸ ಗೇರ್‌ಬಾಕ್ಸಿನ ಕಾರು ಮತ್ತೆ ಏರ್‌ಪೋರ್ಟ್ ರಸ್ತೆಯಲ್ಲಿ, ಒಳಗೆ ಯಾತ್ರಿಕರು ತುಂಬಿರುವಾಗಲೇ, ನಿಂತಿತು.

ಆ ದಿನ ನಾನೂ ಅಪ್ಪನ ಜೊತೆ ಹೋಗಿದ್ದೆ. ಹಳೆಯ ಗೇರ್‌ಬಾಕ್ಸ್ ತೋರಿಸಿ ಎಂದರೆ ತೋರಿಸಲಿಲ್ಲ. ಹೊರಗೆ ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಕೊನೆಗೆ ಪ್ರಭಾಕರ ಫೋನಿನಲ್ಲಿ ಕನ್ನಡ ಮಾತಾಡುತ್ತಾ ಹೊರಬಂದ. ಅಪ್ಪನ ಮುಖ ಅರಳಿತು. "ಅಯ್ಯೋ, ನೀವು ನಮ್ಮೋರೇ!" ಎಂದು ಎದ್ದು ನಿಂತ.

ಅವನು ಅಪ್ಪನ ಚಪ್ಪಲಿ ನೋಡಿ ಅಂದ: "ಗಲ್ಲೀಲಿ ಓಡಾಡೋರಿಗಲ್ಲ ರೀ ಈ ಗಾಡಿ. ನಿಮಗೆ ಓಡ್ಸಕ್ಕೆ ಬಂದಿಲ್ಲ, ಅದಕ್ಕೇ ಹಾಳಾಗಿದೆ. ಯೋಗ್ಯತೆ ನೋಡ್ಕೊಂಡು ತಗೋಬೇಕಿತ್ತು."

ಹಿಂದಿಯಲ್ಲಿ ಬೈದಿದ್ದರೆ ಅಪ್ಪ ಬನಾರಸಿಯಲ್ಲಿ ತಿರುಗಿ ಕೊಡುತ್ತಿದ್ದ. ಕನ್ನಡದಲ್ಲಿ ಬೈದದ್ದನ್ನು ಹಾಗೇ ಮನೆಗೆ ಹೊತ್ತು ತಂದ. ಅವತ್ತಿನಿಂದ ಯಾರು ಕಾರಿನ ಬಗ್ಗೆ ಕೇಳಿದರೂ, "ನನ್ ತಪ್ಪು. ನನಗೆ ಯೋಗ್ಯತೆ ಇರ್ಲಿಲ್ಲ" ಎನ್ನತೊಡಗಿದ. ಅಜ್ಜಿಗೂ ಅದನ್ನೇ ಹೇಳಿದ. ಬರಿಗೊರಳಿನ ಅಜ್ಜಿ ಅದನ್ನು ಕೇಳಿ ತಲೆ ತಗ್ಗಿಸಿದಳಲ್ಲ, ಅವತ್ತು ನಾನು ತೀರ್ಮಾನಿಸಿದೆ. ನನಗೆ ದುಡ್ಡು ಬೇಡ, ಕಾರು ಬೇಡ. ಆ ಬಾಯಿಂದ, ಅಪ್ಪನ ಎದುರು, ಎರಡೇ ಶಬ್ದ ಬರಬೇಕು: ತಪ್ಪು ನಮ್ಮದು.

ಈಗ ಆ ಬಾಯಿ ನನ್ನ ದೋಣಿಯಲ್ಲಿ ಕೂತು ಆಕಳಿಸುತ್ತಿತ್ತು.

ಅವನಿಗೆ ನಮ್ಮ ಗುರುತೇ ಸಿಗಲಿಲ್ಲ. ಅಲ್ಲಿ ಪ್ಯಾಂಟು ಶರ್ಟಿನಲ್ಲಿದ್ದ ಅಪ್ಪ ಇಲ್ಲಿ ಮೈತುಂಬ ಗೋಪೀಚಂದನದ ಮುದ್ರೆ ಹಾಕಿಕೊಂಡಿದ್ದ. ಅಲ್ಲದೆ ಅವನು ಗಿರಾಕಿಯ ಮುಖ ನೋಡಿದವನೇ ಅಲ್ಲ. ದೋಣಿ ಹತ್ತುವ ಮೊದಲು ಅಪ್ಪನಿಗೆ ಅಡ್ಡಬಿದ್ದು ನಮಸ್ಕಾರವನ್ನೂ ಮಾಡಿದ. ಅಪ್ಪ ಆಶೀರ್ವಾದವನ್ನೂ ಮಾಡಿದ. ಇಂಥ ಸೀನನ್ನು ಯಾವ ಡೈರೆಕ್ಟರೂ ತೆಗೆಯಲಾರ.

ಪಂಚತೀರ್ಥವೆಂದರೆ ಐದು ಘಾಟು. ದೋಣಿಯಲ್ಲಿ ಒಂದೊಂದಕ್ಕೂ ಹೋಗಿ, ಕೊನೆಗೆ ಮಣಿಕರ್ಣಿಕೆ ಮುಟ್ಟಬೇಕು. ಅಲ್ಲಿ ನಮ್ಮ ಕಡೆಯವರಿಗೆ ಒಂದು ಪದ್ಧತಿ ಇದೆ: ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಬಿಟ್ಟು ಹೋಗಬೇಕು. ಬೊಗಸೆಯಲ್ಲಿ ನೀರು ಹಿಡಿದು, ಬಿಡುವುದರ ಹೆಸರು ಹೇಳಿ, ನೀರು ಚೆಲ್ಲಿದರೆ ಮುಗಿಯಿತು. ಸಾಯುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ಜನ ಇದರಲ್ಲೂ ಜಾಣರು. ಮೊದಲೇ ತಿನ್ನದ ಹಾಗಲಕಾಯಿಯನ್ನು ಬಿಡುತ್ತಾರೆ. ಶಿವಮೊಗ್ಗದಲ್ಲಿ ಹಾಗಲಕಾಯಿ ವ್ಯಾಪಾರ ಬಿದ್ದುಹೋಗಿದ್ದರೆ ಅದಕ್ಕೆ ನಮ್ಮ ಮನೆತನವೇ ಕಾರಣ.

ದೋಣಿ ನಡೆಸುವ ರಾಮಬಚನ್, ಇವತ್ತು ಬಾಯಿಗೆ ಏನಾಯ್ತು ಗುರು ಎಂದು ಹಿಂದಿಯಲ್ಲಿ ಕೆಣಕಿದ. ನಾನು ಬಾಯಿಗೆ ಬೀಗ ಹಾಕಿದ ಹಾಗೆ ಸನ್ನೆ ಮಾಡಿದೆ. ಪಂಚಗಂಗಾ ಘಾಟಿನಲ್ಲಿ ಪಿಂಡಪ್ರದಾನ ಆಯಿತು. ಅಪ್ಪ ಒಂದು ಮಂತ್ರವನ್ನೂ ನುಂಗಲಿಲ್ಲ, ಒಂದು ತರ್ಪಣವನ್ನೂ ಅವಸರ ಮಾಡಲಿಲ್ಲ. ಪ್ರಭಾಕರನ ಅಪ್ಪನಿಗೆ ಆದಷ್ಟು ಅಚ್ಚುಕಟ್ಟಾದ ಶ್ರಾದ್ಧ ಆ ವಾರ ಯಾರಿಗೂ ಆಗಿರಲಿಕ್ಕಿಲ್ಲ. ತುಳಸಮ್ಮ ಕಣ್ಣೊರೆಸಿಕೊಂಡರು.

ಪಿಂಡ ಗಂಗೆಗೆ ಹೋಯಿತು. ನನ್ನ ಬಾಯಿಯ ಬೀಗ ತೆರೆಯಿತು.

"ಸಾರ್ ಏನ್ ಕೆಲ್ಸ ಮಾಡ್ತೀರಾ?" ಎಂದು ಮಣಿಕರ್ಣಿಕೆಯ ಕಡೆ ದೋಣಿ ತಿರುಗುತ್ತಿದ್ದಂತೆ ಕೇಳಿದೆ, ಮುಖದಲ್ಲಿ ಇಡೀ ಕಾಶಿಯ ಮುಗ್ಧತೆ ತುಂಬಿಕೊಂಡು.

"ವೆಲ್‌ಹೈಮ್ ಕೇಳಿದೀಯಾ? ಕೇಳಿರಲ್ಲ ಬಿಡು."

"ಕಾರಾ ಸಾರ್? ಹಂಸದ ಬೊಂಬೆ ಇರುತ್ತಲ್ಲ?"

"ಬೊಂಬೆ ಅಲ್ಲ ಮರೀ, ಅದು ಅಂತಸ್ತು. ಇಲ್ಲಿಯ ಸರ್ವಿಸ್ ಪೂರ್ತಿ ನಂದೇ."

"ಅಬ್ಬಾ! ನಿಮಗೆ ತುಂಬಾ ಇಷ್ಟಾನಾ ಸಾರ್ ಅದು?"

"ಇಷ್ಟ ಅಂದ್ರೇನು? ನನಗೆ ಮೊದಲು ವೆಲ್‌ಹೈಮ್, ಆಮೇಲೆ ಹೆಂಡತಿ." ದೋಣಿಯಲ್ಲಿದ್ದ ಗಂಡಸರೆಲ್ಲ ನಕ್ಕರು. ಅವನು ಇನ್ನೂ ಏರಿದ. "ಪ್ರಪಂಚದಲ್ಲಿ ನನಗೆ ಅದಕ್ಕಿಂತ ಪ್ರೀತಿದು ಇನ್ನೊಂದಿಲ್ಲ. ಬರ್ಕೋ."

ಬರೆದುಕೊಳ್ಳುವ ಅಗತ್ಯವಿರಲಿಲ್ಲ. ತುಳಸಮ್ಮ ಕೇಳಿಸಿಕೊಂಡಿದ್ದರು.

ಮಣಿಕರ್ಣಿಕೆಯಲ್ಲಿ ಎಲ್ಲರೂ ಮೊಣಕಾಲುದ್ದ ನೀರಿಗೆ ಇಳಿದರು. ಒಬ್ಬರು ಹಾಗಲಕಾಯಿ ಬಿಟ್ಟರು. ಇನ್ನೊಬ್ಬರು ಬಿಟ್ಟದ್ದೂ ಹಾಗಲಕಾಯಿಯನ್ನೇ. ತುಳಸಮ್ಮ ಮಾತ್ರ ಕಾಫಿ ಬಿಟ್ಟರು. ಬಿಡುವಾಗ ಕಣ್ಣು ಮುಚ್ಚಿಕೊಂಡರು. ಆಮೇಲೆ ಪ್ರಭಾಕರ ಬೊಗಸೆ ತುಂಬಿಕೊಂಡು, "ಪಡವಲಕಾಯಿ" ಎಂದ.

"ಏನಂದೆ?" ತುಳಸಮ್ಮ ತಿರುಗಿದರು. "ಪಡವಲಕಾಯಿ ನೀನು ಹುಟ್ಟಿದಾಗಿಂದ ತಿಂದಿಲ್ಲ. ದೋಣೀಲಿ ಏನಂದೆ ಈಗ? ಅದಕ್ಕಿಂತ ಪ್ರೀತಿದು ಇನ್ನೊಂದಿಲ್ಲ ಅಂದೆ ತಾನೆ? ನಿಮ್ಮಪ್ಪನ ಹೆಸರಲ್ಲಿ ನಿಂತಿದೀಯ. ಅದನ್ನ ಬಿಡು."

"ಅಮ್ಮಾ, ಅದು ನನ್ನ ನೌಕರಿ! ಮುಟ್ಟದೆ ಹೆಂಗೆ ಕೆಲ್ಸ ಮಾಡ್ಲಿ?"

"ನಾನು ಕಾಫಿ ಇಲ್ದೆ ಹೆಂಗೆ ಇರ್ಲಿ?"

ಗುಂಪು ಹತ್ತಿರ ಸರಿಯಿತು. ಅವನ ಬೆರಳ ಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅಪ್ಪನ ಕಡೆ ನೋಡಿದ. "ಆಚಾರ್ರೇ, ಏನಾದ್ರೂ ದಾರಿ ಇದ್ರೆ ಹೇಳಿ."

ಇದು ನನ್ನ ಎಂಟ್ರಿ. ಹಿಂದೆ ಮ್ಯೂಸಿಕ್ ಇಲ್ಲ. ಚಿತೆಯ ಹೊಗೆ ಮಾತ್ರ ಇತ್ತು, ಅದು ಸಾಕು.

"ಇದೆ ಸಾರ್" ಎಂದೆ. "ಬೊಗಸೆಯಲ್ಲಿ ನೀರಿರೋವಾಗ, ಮುಚ್ಚಿಟ್ಟ ಒಂದು ನಿಜ ಬಾಯಿಬಿಟ್ಟು ಹೇಳಿದ್ರೆ, ಬಿಡೋ ವಸ್ತು ಬದಲಾಯಿಸಬಹುದು. ನೀರು ಪೂರ್ತಿ ಸೋರೋದ್ರೊಳಗೆ ಹೇಳ್ಬೇಕು ಅಷ್ಟೆ."

ಅಂಥ ನಿಯಮ ಯಾವ ಗ್ರಂಥದಲ್ಲೂ ಇಲ್ಲ. ಆ ಕ್ಷಣದಲ್ಲಿ ನಾನು ಹುಟ್ಟಿಸಿದ್ದು. ವಿಧಿಯಲ್ಲಿ ಒಂದು ಅಕ್ಷರ ತಪ್ಪಿದರೆ ನನ್ನ ತಲೆಗೆ ಮೊಟಕುವ ಅಪ್ಪ ನನ್ನನ್ನೇ ನೋಡಿದ. ಬಾಯಿ ತೆರೆದ. ಮುಚ್ಚಿದ. ಆಮೇಲೆ ನೀರಿನ ಕಡೆ ದೃಷ್ಟಿ ಹೊರಳಿಸಿದ. ಆಗ ಗೊತ್ತಾಯಿತು, ಅಪ್ಪನಿಗೂ ಅದು ಕೇಳಬೇಕಾಗಿತ್ತು.

"ಯಾವ ನಿಜ?" ಎಂದ ಪ್ರಭಾಕರ.

"ಬಿಳಿ ವೆಲ್‌ಹೈಮ್, ಸಾರ್. ಹಂಸಕ್ಕೆ ಕುಂಕುಮ ಇಟ್ಟಿರ್ತಿತ್ತು. ಅದರ ಗೇರ್‌ಬಾಕ್ಸಿಗೆ ನಮ್ಮಜ್ಜಿ ಚಿನ್ನದ ಸರ ಹೋಯ್ತು. ಚೆಕ್ ಮಾಡ್ಬೇಕು, ಗಾಡಿ ಬಿಟ್ಟು ಹೋಗಿ, ಫೋನ್ ಮಾಡ್ತೀವಿ."

ಅವನು ಮೊದಲ ಸಲ ಅಪ್ಪನ ಮುಖ ನೋಡಿದ. ಗೋಪೀಚಂದನದ ಹಿಂದಿನ ಮನುಷ್ಯ ಯಾರೆಂದು ತಿಳಿಯಿತು. ಬೊಗಸೆ ಸಡಿಲಾಗಿ ಅರ್ಧ ನೀರು ಹೋಯಿತು.

"ಬೇಗ ಸಾರ್. ಪೆಟ್ರೋಲ್ ಖಾಲಿ ಆಗ್ತಿದೆ."

"ಗೇರ್‌ಬಾಕ್ಸ್ ಚೆನ್ನಾಗೇ ಇತ್ತು" ಎಂದ, ಗಂಟಲಲ್ಲೇ.

"ಜೋರಾಗಿ. ಗಂಗಮ್ಮನಿಗೆ ವಯಸ್ಸಾಗಿದೆ."

"ಗೇರ್‌ಬಾಕ್ಸ್ ಚೆನ್ನಾಗೇ ಇತ್ತು! ಒಳಗೊಂದು ವೈರು ಇಲಿ ಕಡಿದಿತ್ತು. ಅಷ್ಟೇ. ಮೊದಲ್ನೇ ಸಲಾನೇ ಗೊತ್ತಾಗಿತ್ತು. ಮೇಲಿಂದ ಒತ್ತಡ ಇತ್ತು, ದೊಡ್ಡ ದೊಡ್ಡ ಪಾರ್ಟು ಹಾಕ್ಬೇಕಿತ್ತು..."

"ಓಡ್ಸೋರಿಗೆ ಯೋಗ್ಯತೆ ಇರ್ಲಿಲ್ವಾ?"

"ಇತ್ತು."

"ತಪ್ಪು ಯಾರ್ದು?"

ಅವನು ಅಪ್ಪನ ಎದುರು ತಲೆ ತಗ್ಗಿಸಿದ. "ತಪ್ಪು ನಮ್ಮದು."

ನಾನು ಎಷ್ಟೋ ಸಲ ಕನ್ನಡಿಯ ಮುಂದೆ ಈ ಸೀನಿಗೆ ಡೈಲಾಗ್ ತಾಲೀಮು ಮಾಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಅಪ್ಪ ಗಟ್ಟಿಯಾಗಿ ಉಸಿರು ಬಿಟ್ಟ, ಯಾರೋ ಅವನ ಎದೆಯ ಮೇಲಿಂದ ಎದ್ದ ಹಾಗೆ.

"ಸರಿ. ಈಗ ಪಡವಲಕಾಯಿ ಬಿಡ್ಲಾ?" ಎಂದು ಪ್ರಭಾಕರ ಉಳಿದ ಗುಟುಕು ನೀರನ್ನು ಹಿಡಿದು ಕೇಳಿದ.

"ರಿಯಾಯಿತಿ ಈ ಹುಡುಗ ಕೊಡಬಹುದು. ನಾನು ಕೊಡಲ್ಲ" ಎಂದರು ತುಳಸಮ್ಮ. "ನನ್ನ ಮಗ ದೊಡ್ಡ ಕಂಪನೀಲಿದಾನೆ ಅಂತ ಬೀದಿಯೆಲ್ಲಾ ಹೇಳ್ಕೊಂಡು ತಿರುಗಿದೀನಿ ನಾನು. ಪುರೋಹಿತರ ಮನೆ ಚಿನ್ನ ತಿನ್ನೋ ಕಂಪನಿನಾ ಅದು? ಹೇಳು ಅದರ ಹೆಸರು."

ಹೇಳಿದ. ತಾಯಿ ಅವನ ಕೈಯನ್ನು ಕೆಳಗೆ ತಳ್ಳಿದರು. ನೀರು ಗಂಗೆಗೆ ಬಿತ್ತು. ಇದು ನನ್ನ ಸ್ಕ್ರಿಪ್ಟಿನಲ್ಲಿರಲಿಲ್ಲ. ವಿಲನ್ ಮುಖ ಬಾಡಿದ್ದು ನೋಡಿ ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. ಹಾಯೆನಿಸಿತು.

ಎಲ್ಲ ಮುಗಿಯಿತೆಂದು ಚೊಂಬು ಎತ್ತಿಕೊಳ್ಳುವಷ್ಟರಲ್ಲಿ ಅಪ್ಪ ನೀರಿಗಿಳಿದ. ಬಿಡುವ ಪದ್ಧತಿ ಯಾತ್ರಿಕರಿಗೆ. ಕಾಶಿಯಲ್ಲೇ ಇರುವ ನಮಗಲ್ಲ. ಊರಿಗೆಲ್ಲ ಬಿಡಿಸಿದ ಅಪ್ಪ ತಾನು ಇದುವರೆಗೂ ಒಂದು ಸೊಪ್ಪಿನ ಕಡ್ಡಿಯನ್ನೂ ಬಿಟ್ಟವನಲ್ಲ. ಬೊಗಸೆ ತುಂಬಿಕೊಂಡು, ಶ್ರಾದ್ಧದ ಅದೇ ಸ್ಪಷ್ಟ ದನಿಯಲ್ಲಿ ಹೇಳಿದ: "ವೆಲ್‌ಹೈಮ್ ನಾಮಕಂ ವಾಹನಂ ತ್ಯಜಾಮಿ."

"ಅಪ್ಪಾ! ಒಂದು ವೈರು ಹಾಕ್ಸಿದ್ರೆ ಓಡುತ್ತೆ!"

"ಓಡುತ್ತೆ. ನಾನು ಕೂರಲ್ಲ."

ನೀರು ಬಿಟ್ಟ.

ಈಗ ಆ ಕಾರು ಅಸ್ಸಿಯಲ್ಲೇ ಇದೆ. ಕೊಳ್ಳುವವರು ಸಿಗುವ ತನಕ ರಾಮಬಚನ್ ಅದರ ಮೇಲೆ ಬಲೆ ಒಣಗಿಸುತ್ತಾನೆ. ಅಪ್ಪ ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ, ಊರಿನ ಎಲ್ಲ ಹಾರ್ನುಗಳನ್ನೂ ಕೇಳಿಸಿಕೊಂಡು, ಅದರ ಪಕ್ಕದಲ್ಲೇ ಹೋಗುತ್ತಾನೆ. ಕತ್ತು ತಿರುಗಿಸುವುದಿಲ್ಲ. ಯೋಗ್ಯತೆಯ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. "ಇಲಿ ಕಡಿದಿತ್ತಂತೆ!" ಎಂದು ಅಜ್ಜಿ ಗಲ್ಲಿಯಲ್ಲಿ ಸಿಕ್ಕವರಿಗೆಲ್ಲ ಹಿಂದಿಯಲ್ಲಿ ಹೇಳುತ್ತಾಳೆ, ತಲೆ ಎತ್ತಿಕೊಂಡು.

ಮೊನ್ನೆ ಪ್ರಭಾಕರನ ಫೋನ್ ಬಂತು.

"ಆಚಾರ್ರ ಮಗ ಅಲ್ವಾ? ನೋಡಪ್ಪಾ, ಅಮ್ಮ ದಿನಾ ಬೆಳಿಗ್ಗೆ ಫೋನ್ ಮಾಡಿ ಮುಟ್ಟಿದ್ಯಾ ಅಂತ ಕೇಳ್ತಾರೆ. ಇಡೀ ದಿನ ಕೈ ಕಟ್ಕೊಂಡು ನಿಂತಿರ್ತೀನಿ. ಹುಡುಗರೆಲ್ಲ ನಗ್ತಾರೆ. ಅಮ್ಮಂಗೆ ಸುಳ್ಳು ಹೇಳೋಣ ಅಂದ್ರೆ ಆ ಗಂಗೆ ಕಣ್ಮುಂದೆ ಬರ್ತಾಳೆ. ಏನಾದ್ರೂ ಪರಿಹಾರ ಇದೆಯಾ?"

"ಇರಬಹುದು ಸಾರ್. ಆದ್ರೆ ಚೆಕ್ ಮಾಡ್ದೆ ಹೇಳಕ್ಕಾಗಲ್ಲ. ಒಂದ್ಸಲ ಬಂದು, ಪಾಪ ಬಿಟ್ಟು ಹೋಗಿ. ನಾವೇ ಫೋನ್ ಮಾಡ್ತೀವಿ."

ಪಂಚೆ ಮಡಚುತ್ತಿದ್ದ ಅಪ್ಪ ಕೇಳಿಸಿಕೊಂಡ. ಮೊಟಕುತ್ತಾನೆಂದು ನಾನು ತಲೆ ತಗ್ಗಿಸಿದೆ.

"ಬಂದ್ರೆ ಮಾಳಿಗೆ ಮೇಲೆ ಕೂರ್ಸು" ಎಂದ ಅಪ್ಪ. "ಬಿಸಿಲಲ್ಲಿ. ಪ್ಲಾಸ್ಟಿಕ್ ಕುರ್ಚಿ ಹಾಕಿ."