ಕಣಿವೆ ದಾಟದ ಬೇಟೆಗಾರ

ನಮ್ಮ ಊರಿನ ಕ್ಷೌರದಂಗಡಿಯಲ್ಲಿ ಈಗ ನನ್ನಪ್ಪನ ಹೆಸರು ಬಂದರೆ ನಗುತ್ತಾರೆ. "ಡೆಲ್ಬರ್ಟ್ ಮುದುಕ ಜೀವಮಾನವೆಲ್ಲಾ ಕಾದು ಹೊಡ್ಕೊಂಡು ಬಂದಿದ್ದು ನೋಡಿದ್ಯಾ? ಚರ್ಮ ಹೊದ್ದ ಏಣಿ!" ಅನ್ನುತ್ತಾರೆ. ನಗಲಿ. ನಗುವವರ ಹಲ್ಲು ಉದುರಲಿ. ಆ ಏಣಿಯನ್ನು ಹೇಸರಗತ್ತೆಯ ಬೆನ್ನಿಗೆ ಹೇರಿ ಬೆಟ್ಟ ಇಳಿಸಿದವಳು ನಾನು, ಅವನ ಮಗಳು ವರ್ನಾ. ಆದದ್ದೇನು ಅಂತ ನನಗೆ ಗೊತ್ತು. ಕ್ಷೌರದಂಗಡಿಯವರಿಗೆ ಗೊತ್ತಿಲ್ಲದಿರುವುದಕ್ಕೆ ಕಾರಣ, ಹೇಳಬೇಡ ಅಂತ ಅಪ್ಪ ನನ್ನ ಬಾಯಿ ಕಟ್ಟಿದ್ದಾನೆ. ಇವತ್ತು ಬಿಚ್ಚುತ್ತೇನೆ.

ವಯೋಮಿಂಗಿನ ನಮ್ಮ ಬೆಟ್ಟದಲ್ಲಿ ಗಂಡು ಎಲ್ಕ್ ಹೊಡೆಯಬೇಕಾದರೆ ಸರ್ಕಾರ ಎತ್ತುವ ಚೀಟಿಯಲ್ಲಿ ಹೆಸರು ಬರಬೇಕು. ಎಲ್ಕ್ ಅಂದರೆ ಕುದುರೆಯೆತ್ತರದ ಕಡವೆ. ಅದರ ಕೊಂಬಿನ ಹರವು ಬಾಗಿಲಲ್ಲಿ ತೂರುವುದಿಲ್ಲ. ಹೆಸರು ಬಂದವರಿಗೆ ಒಂದು ಪರವಾನಗಿ ಚೀಟಿ, ಒಂದು ಪ್ರಾಣಿ. ಸತ್ತ ಪ್ರಾಣಿಗೆ ಚೀಟಿ ಕಟ್ಟಿದರೆ ಆ ವರ್ಷದ ಆಟ ಮುಗಿಯಿತು. ಅಪ್ಪ ಸೋಡಾ ಪುಡಿಯ ಕಲ್ಲು ಅಗೆಯುವ ಗಣಿಗೆ ಸೇರಿದ ಕಾಲದಿಂದ ಪ್ರತಿ ವರ್ಷ ಹೆಸರು ಹಾಕುತ್ತಿದ್ದ. ಒಂದು ವರ್ಷವೂ ಬರಲಿಲ್ಲ. ಗಣಿ ಅವನ ಪುಪ್ಪುಸ ತಿಂದು ಮುಗಿಸಿದ ಮೇಲೆ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಹೋದ ವರ್ಷ ಹೆಸರು ಬಂತು. "ಈ ವರ್ಷ ಬಿಟ್ರೆ ಇನ್ಮೇಲೆ ಅಷ್ಟೆತ್ತರ ಹತ್ತೋ ಯೋಚನೆ ಬಿಡಿ," ಅಂದರು ಡಾಕ್ಟರು. ಹತ್ತುವುದಿದ್ದರೆ ಅದೊಂದೇ ಸಲ.

ನನ್ನ ಮಗ ಗ್ಯಾರೆಟ್‌ಗೂ ಅದೇ ಬೆಟ್ಟದ ಪರವಾನಗಿ ಇತ್ತು. ಅವನು ಕಾಯಲೇ ಇಲ್ಲ. ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಮಾಡುವ ಕಂಪನಿಯಲ್ಲಿ ಅವನಿಗೆ ಕೆಲಸ. ಕಂಪನಿಯವರು ಆ ಪರವಾನಗಿಯನ್ನು ಹರಾಜಿನಲ್ಲಿ ಹಿಡಿದು ಕೊಟ್ಟಿದ್ದರು. ಅವನು ದೂರದಿಂದ ಪ್ರಾಣಿ ಹೊಡೆಯುವುದನ್ನು ಚಿತ್ರ ತೆಗೆದು ಇಂಟರ್ನೆಟ್ಟಿಗೆ ಹಾಕಬೇಕು, ಜನ ಬಾಯಿ ಬಿಟ್ಟುಕೊಂಡು ನೋಡಬೇಕು, ದುರ್ಬೀನು ಖರ್ಚಾಗಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನಗೂ ಮುದ್ದೇ. ಅವನು ತಾತನ ಜೊತೆ ಒಂದೇ ಶಿಬಿರದಲ್ಲಿ ಇರುತ್ತೇನೆ ಅಂದಾಗ ನಾನು ಎಷ್ಟು ಹಿಗ್ಗಿದ್ದೆ ಅಂದರೆ, ಹೋಗುವ ಮೊದಲು ಮೂರು ಬಗೆಯ ಪೈ ಬೇಯಿಸಿದ್ದೆ.

ಶಿಬಿರದಲ್ಲಿ ಅವನು ಬಂದೂಕನ್ನು ಚೀಲದಿಂದ ತೆಗೆದಾಗ ಅಪ್ಪ ಕಾಫಿ ಲೋಟ ಕೆಳಗಿಟ್ಟ.

"ಇದೇನೋ ಮಗನೇ, ಬಂದೂಕೋ, ಕೊಳಾಯಿ ಪೈಪೋ?"

"ನಗು ತಾತ, ನಗು. ಇದ್ರಲ್ಲಿ ಸಾವಿರ ಗಜದಿಂದ ಊಟದ ತಟ್ಟೆಗೆ ಹೊಡೀತೀನಿ."

"ತಟ್ಟೆ ಎದ್ದು ಹೋಗಲ್ಲ ಕಣೋ."

"ಹತ್ರ ಹೋದ್ರೆ ವಾಸನೆ ಹಿಡ್ದು ಓಡಿಹೋಗುತ್ತಲ್ಲ?"

"ಓಡ್ಲಿ! ಅದಕ್ಕೆ ಮೂಗು ಕೊಟ್ಟಿರೋದು ಯಾಕೆ ಮತ್ತೆ? ಅದರ ಮೂಗಿಗೂ ಕಿವಿಗೂ ಎಟುಕದ ಕಡೆ ಮಲಗ್ಕೊಂಡು ಹೊಡೆಯೋದು ಬೇಟೆ ಅಲ್ಲಪ್ಪಾ, ಟಪಾಲು ಹಾಕೋದು."

ಗ್ಯಾರೆಟ್ ನಕ್ಕ. ಆದರೆ ಸುಮ್ಮನಾಗಲಿಲ್ಲ. "ನಿಮ್ಮ ಕಾಲದಲ್ಲಿ ಹತ್ರದಿಂದ ಹೊಡೆದೂ ಯಾರೂ ಗಾಯ ಮಾಡಿ ಬಿಟ್ಟೇ ಇಲ್ವಾ? ಎಲ್ಲಾ ಸಂತರಾ?"

"ಮಾಡಿದೀವಿ," ಅಂದ ಅಪ್ಪ. "ಆದ್ರೆ ಹಿಂದೆ ಹೋಗಿದೀವಿ."

ಅದು ಅಪ್ಪನ ಶಿಬಿರದ ಕಟ್ಟಳೆ. ಸರ್ಕಾರದ್ದಲ್ಲ, ನಮ್ಮದು. ಗುಂಡು ಹಾರಿಸಿದವನು ಪ್ರಾಣಿ ನಿಂತಿದ್ದ ಜಾಗಕ್ಕೆ ತಾನೇ ನಡೆದು ಹೋಗಿ, ಅದರ ಹೆಜ್ಜೆಯಲ್ಲಿ ತನ್ನ ಬೂಟು ಇಟ್ಟು, ನೆಲ ನೋಡಬೇಕು. ಅಲ್ಲಿಯವರೆಗೆ 'ತಪ್ಪಿತು' ಅನ್ನುವ ಮಾತು ಬಾಯಲ್ಲಿ ಬರಕೂಡದು. ನೆಲದಲ್ಲಿ ಒಂದು ಹನಿ ರಕ್ತ ಕಂಡರೂ ಆ ಪ್ರಾಣಿ ಅವನದೇ; ಸಿಗಲಿ ಬಿಡಲಿ, ಅವನ ಚೀಟಿ ತೀರಿತು. ಈ ಕಟ್ಟಳೆಯಿಂದ ನನ್ನ ಚಿಕ್ಕಪ್ಪ ಒಂದು ಇಡೀ ವರ್ಷದ ಮಾಂಸ ಕಳೆದುಕೊಂಡ. ಗೊಣಗಿದ, ಆದರೆ ಒಪ್ಪಿದ.

ಮೊದಲ ಬೆಳಿಗ್ಗೆಯೇ ಕಣಿವೆಯ ಆಚೆ ಇಳಿಜಾರಿನಲ್ಲಿ ಹಿಂಡು ಕಾಣಿಸಿತು. ನಡುವೆ ಒಂದು ದೊಡ್ಡ ಗಂಡು; ಕೊಂಬು ನೋಡಿ ಅಪ್ಪನೂ ಸಿಳ್ಳೆ ಹಾಕಿದ. ಅದರ ಹಿಂದೆ ಇನ್ನೊಂದು, ಮಧ್ಯಮ ಗಾತ್ರದ್ದು. ನಮಗೂ ಅವಕ್ಕೂ ನಡುವೆ ಕೆಳಗೆ ಹೊಳೆ, ಮೇಲೆ ಗಾಳಿ. ಗ್ಯಾರೆಟ್ ಬಂಡೆಯ ಮೇಲೆ ಮಲಗಿ, ಗಾಳಿ ಅಳೆದು, ಫೋನನ್ನು ದುರ್ಬೀನಿನ ಗಾಜಿಗೆ ಅಂಟಿಸಿ ಚಿತ್ರ ಶುರು ಮಾಡಿದ.

"ಬೇಡ ಕಣೋ," ಅಂದ ಅಪ್ಪ. "ಹೊಳೆ ದಾಟು. ಮಧ್ಯಾಹ್ನಕ್ಕೆ ಹತ್ರ ಇರ್ತೀಯ."

"ಒಂಬೈನೂರು ಗಜ ತಾತ. ನನಗಿದು ದಿನಾ ಮಾಡೋ ಕೆಲಸ."

ಗುಂಡು ಹಾರಿತು. ಅಷ್ಟು ದೂರ ಮುಟ್ಟಬೇಕಾದರೆ ಗುಂಡಿಗೂ ಒಂದು ಉಸಿರಿನ ಹೊತ್ತು ಬೇಕು. ಆ ಹೊತ್ತಿನಲ್ಲಿ ದೊಡ್ಡ ಗಂಡು ಹುಲ್ಲಿಗೆ ಬಾಯಿ ಹಾಕಲು ಒಂದು ಹೆಜ್ಜೆ ಮುಂದಿಟ್ಟಿತು, ಅಷ್ಟೇ. ಬಂದೂಕಿನ ಸದ್ದು ಬೆಟ್ಟಕ್ಕೆ ಬಡಿದು ಅಡಗಿದ ಮೇಲೆ ಆಚೆಯಿಂದ ಒಂದು ಸಣ್ಣ ಸದ್ದು ಬಂತು, ಒದ್ದೆ ಗೋಣಿಚೀಲ ನೆಲಕ್ಕೆ ಕುಕ್ಕಿದ ಹಾಗೆ. ಹಿಂಡು ಮರಗಳೊಳಗೆ ಹೋಯಿತು.

"ಥೂ! ತಪ್ಪಿತು," ಅಂದ ಗ್ಯಾರೆಟ್.

"ತಪ್ಪಿಲ್ಲ. ಬಡಿದ ಸದ್ದು ಕೇಳಿಸ್ತು ನಂಗೆ."

"ಬಂಡೆಗೆ ಬಡೀತು ತಾತ. ದೊಡ್ಡದು ನೆಟ್ಟಗೆ ಓಡಿದ್ದನ್ನ ನಾನೇ ನೋಡ್ದೆ."

"ಬಂಡೆ ಆ ಥರ ಸದ್ದು ಮಾಡಲ್ಲ. ಹೋಗಿ ನೋಡ್ಕೊಂಡು ಬಾ."

"ಇಳಿದು ಹತ್ತಿ ವಾಪಸ್ ಬರೋ ಹೊತ್ತಿಗೆ ದಿನ ಮುಗಿಯುತ್ತೆ! ತಪ್ಪಿದ ಗುಂಡಿಗೋಸ್ಕರ?"

"ಮಗಾ, ನಾನು ಹೇಸರಗತ್ತೆಗೆ ಜೀನು ಹಾಕಿಕೊಡ್ತೀನಿ," ಅಂದೆ ನಾನು. "ಹೋಗ್ಬಾರೋ, ತಾತ ಹೇಳ್ತಾ ಇದಾರೆ."

"ಅಮ್ಮಾ, ನೀನೂ ಶುರು ಹಚ್ಕೋಬೇಡ. ನಾಳೆ ನೋಡೋಣ."

ಮಾರನೆಯ ದಿನ ಬೆಳಗಾಗುವಾಗ ಆಚೆಯ ಇಳಿಜಾರು ಪೂರ್ತಿ ಹಿಮದಲ್ಲಿ ಹೂತಿತ್ತು. ಇನ್ನು ರಕ್ತ ಎಲ್ಲಿ ನೋಡುವುದು, ಹೆಜ್ಜೆ ಎಲ್ಲಿ ನೋಡುವುದು! ಗ್ಯಾರೆಟ್ ಭುಜ ಕುಣಿಸಿ ಬಂದೂಕು ಹೆಗಲಿಗೇರಿಸಿ ಬೇರೆ ದಿಣ್ಣೆಗೆ ಹೋದ. ಅಪ್ಪ ಆ ದಿನ ತಿಂಡಿ ತಿನ್ನಲಿಲ್ಲ. ನಾನು ಕೋಪದಿಂದ ಬಾಣಲೆ ತಿಕ್ಕಿದ್ದೇ ತಿಕ್ಕಿದ್ದು.

ಒಂದು ವಾರಕ್ಕೂ ಮೇಲಾಯಿತು. ನಾನು ಅಪ್ಪನನ್ನು ಪ್ಯಾನ್ಸಿ ಎಂಬ ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಆಚೆಯ ಕಾಡಿನಲ್ಲಿ ನಿಧಾನಕ್ಕೆ ತಿರುಗುತ್ತಿದ್ದೆ. ಇಳಿದು ಇಪ್ಪತ್ತು ಹೆಜ್ಜೆ ನಡೆದರೆ ಅವನು ಮರ ಹಿಡಿದು ನಿಲ್ಲಬೇಕು. ಆದರೂ ಮುಖದಲ್ಲಿ ಏನು ಸುಖ! ಹೆಣ್ಣು ಎಲ್ಕ್‌ಗಳು ಕಣ್ಣಿನ ರೆಪ್ಪೆ ಎಣಿಸುವಷ್ಟು ಹತ್ತಿರ ಬಂದು ಹೋಗುತ್ತಿದ್ದವು; ಅವನು ನನ್ನ ತೋಳು ಚಿವುಟಿ ಮಗುವಿನ ಹಾಗೆ ನಗುತ್ತಿದ್ದ. ಆ ಬೆಳಿಗ್ಗೆ ಕೊಳದ ಕಡೆಯಿಂದ ದೊಡ್ಡ ಗಂಡಿನ ಕೂಗು ಕೇಳಿಸಿತು. ಗಾಳಿ ನಮ್ಮ ಮುಖಕ್ಕಿತ್ತು. ಹೊಟ್ಟೆಯ ಮೇಲೆ ತೆವಳಿಕೊಂಡು, ಕೆಮ್ಮನ್ನು ಟೋಪಿಯೊಳಗೆ ಅದುಮಿಕೊಂಡು, ಅಪ್ಪ ಬಿದ್ದ ಮರದ ತನಕ ಹೋದ. ಅದೇ ದೊಡ್ಡ ಗಂಡು, ಅರವತ್ತು ಹೆಜ್ಜೆಯಲ್ಲಿ, ಅಡ್ಡಲಾಗಿ ನಿಂತಿತ್ತು. ಮಗು ಕೂಡ ಹೊಡೆಯಬಹುದಿತ್ತು.

ಅಪ್ಪ ಬಂದೂಕೆತ್ತಿದ. ಆಗ ಕೊಳದ ಆಚೆಯ ಪೊದೆಯಿಂದ ಇನ್ನೊಂದು ಬಂತು.

ಅದು ನೀರಿಗೆ ಬಾಯಿ ಇಟ್ಟಿತು. ಕುಡಿಯಲಾಗಲಿಲ್ಲ. ಕೆಳದವಡೆ ಮುರಿದು ಚರ್ಮದಲ್ಲಿ ಜೋತಾಡುತ್ತಿತ್ತು, ನಾಲಿಗೆ ಕಪ್ಪಾಗಿ ಊದಿ ಪಕ್ಕಕ್ಕೆ ಬಿದ್ದಿತ್ತು. ಎಳೆದುಕೊಂಡ ನೀರೆಲ್ಲಾ ಸೋರಿಹೋಗುತ್ತಿತ್ತು. ಸುತ್ತ ಬೇಕಾದಷ್ಟು ಹುಲ್ಲು. ಅದರ ಪಕ್ಕೆಲುಬು ಒಂದೊಂದೂ ಲೆಕ್ಕಕ್ಕೆ ಸಿಗುತ್ತಿತ್ತು. ಅದು ಮತ್ತೆ ನೀರಿಗೆ ಬಾಯಿ ಇಟ್ಟಿತು.

"ಅಪ್ಪಾ, ದೊಡ್ಡದನ್ನ ಹೊಡಿ," ಅಂದೆ ಪಿಸುಮಾತಿನಲ್ಲಿ. "ಹೊಡಿ, ಹೋಗುತ್ತೆ!"

ಅವನು ಬಂದೂಕು ಇಳಿಸಿದ. ದೊಡ್ಡ ಗಂಡು ನಮ್ಮನ್ನು ನೋಡಿತು, ಹೋಯಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಅವತ್ತು ದೊಡ್ಡದರ ಹಿಂದೆ ನಿಂತಿತ್ತಲ್ಲ, ಅದೇ ಇದು," ಅಂದ. "ವರ್ನಾ, ಗ್ಯಾರೆಟ್‌ನ ಕರ್ಕೊಂಡ್ಬಾ. ಇದು ಅವನದು. ಅವನೇ ಮುಗಿಸ್ಲಿ, ಅವನ ಚೀಟಿ ಕಟ್ಲಿ. ನಾನಿಲ್ಲಿ ಕಾಯ್ತೀನಿ."

ಆ ಪ್ರಾಣಿ ಅಷ್ಟರಲ್ಲಿ ಕಾಲು ಮಡಚಿ ಕೂತುಬಿಟ್ಟಿತ್ತು. ನಾನು ಪ್ಯಾನ್ಸಿಯನ್ನು ಓಡಿಸಿಕೊಂಡು ಶಿಬಿರಕ್ಕೆ ಬಂದೆ. ಗ್ಯಾರೆಟ್ ನನ್ನ ಪೈ ತಿನ್ನುತ್ತಾ ತನ್ನ ಚಿತ್ರಗಳನ್ನು ನೋಡುತ್ತಿದ್ದ. ಹೇಳಿದೆ. ಎಲ್ಲವನ್ನೂ ಹೇಳಿದೆ, ನಾಲಿಗೆಯನ್ನೂ ಹೇಳಿದೆ. ಅವನ ಮುಖ ಒಂದು ಗಳಿಗೆ ಬಿಳುಪಾಯಿತು. ಆ ಗಳಿಗೆಯಲ್ಲಿ ಎದ್ದು ಬರುತ್ತಾನೆ ಅಂದುಕೊಂಡೆ.

"ನಾನು ಅದಕ್ಕೆ ಗುರಿ ಇಟ್ಟೇ ಇರ್ಲಿಲ್ವಲ್ಲಮ್ಮ."

"ಗುಂಡು ನಿಂದು ತಾನೇ?"

"ಏನು ಸಾಕ್ಷಿ? ಬೆಟ್ಟದಲ್ಲಿ ನಾನೊಬ್ನೇನಾ ಹೊಡೆಯೋನು?"

"ಗ್ಯಾರೆಟ್, ನಾನು ನಿನ್ನ ತಾಯಿ. ನನ್ನ ಹತ್ರ ವಕೀಲನ ಮಾತು ಆಡ್ಬೇಡ."

"ಆ ಬಡಕಲು ಪ್ರಾಣಿಗೆ ಚೀಟಿ ಕಟ್ಟಿ ಕಂಪನಿಗೆ ಏನಂತ ಹೇಳ್ಲಿ? ಫಾರೆಸ್ಟಿನವ್ರಿಗೆ ಫೋನ್ ಮಾಡು, ಅವ್ರು ಬಂದು ಮುಗಿಸ್ತಾರೆ. ಇಲ್ದಿದ್ರೆ ತೋಳ ಇದಾವೆ. ಪ್ರಕೃತಿ ಕಣಮ್ಮಾ, ಅದೇ ನೋಡ್ಕೊಳುತ್ತೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮಗ ಚಿಕ್ಕವನಾಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ದಿಣ್ಣೆ ಹತ್ತಿ ಫೋನು ಮಾಡಿದೆ. ಅರಣ್ಯದವನು ಪಾಪ ಒಳ್ಳೆಯವನೇ. ರಸ್ತೆಯಲ್ಲಿ ಹಿಮ ಇದೆ, ನಾಳೆ ಸಂಜೆಗೆ ಮುಟ್ಟಬಹುದು, ಅಲ್ಲಿಯವರೆಗೆ ಚೀಟಿ ಇದ್ದವರು ಮಾತ್ರ ಹೊಡೆಯಬಹುದು ಅಂದ. ನಾಳೆ ಸಂಜೆ! ಇಳಿಯುವಾಗ ಗ್ಯಾರೆಟ್‌ನನ್ನು ಇನ್ನೊಮ್ಮೆ ಕರೆದೆ. ಅವನು ಮತ್ತೆ ತನ್ನ ಚಿತ್ರಗಳಿಗೆ ಮರಳಿದ್ದ.

ನಾನು ಕೊಳಕ್ಕೆ ಮರಳಿದಾಗ ಅಪ್ಪ ಬಿದ್ದ ಮರಕ್ಕೆ ಒರಗಿ ಕೂತಿದ್ದ. ಅವನು ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ದಾರಿ ನೋಡಿದ. ತುಂಬ ಹೊತ್ತು ನೋಡಿದ.

"ಹಿಂದೆ ಬರ್ತಿದಾನಾ?"

"ಇಲ್ಲಪ್ಪಾ."

"ಬರಲ್ವಾ?"

"ಬರಲ್ಲ."

ಫೋನಿನ ವಿಷಯ ಹೇಳಿದೆ. "ನೀನು ನಿನ್ನ ಚೀಟಿ ಹಾಳ್ಮಾಡ್ಕೋಬೇಡ," ಅಂತ ಬೇಡಿಕೊಂಡೆ. "ನಾಳೆ ಅವರು ಬರ್ತಾರೆ, ಒಂದು ರಾತ್ರಿ ತಾನೇ. ದೊಡ್ಡದು ಇನ್ನೂ ಇಲ್ಲೇ ಇದೆ. ಇಷ್ಟು ವರ್ಷ ಕಾದಿದ್ದೀಯಲ್ಲಪ್ಪಾ!"

"ನಾನು ಕುರ್ಚಿ ಮೇಲೆ ಕೂತ್ಕೊಂಡು ಕಾದೆ, ವರ್ನಾ," ಅಂದ. "ಹೊಟ್ಟೆ ತುಂಬಾ ಉಂಡು ಕಾದೆ."

ಅವನು ಎದ್ದ. ನನ್ನ ಕೈ ಬೇಡ ಅಂದ. ಆ ಪ್ರಾಣಿ ಓಡಲಿಲ್ಲ, ಕಿವಿಯನ್ನು ಮಾತ್ರ ಈ ಕಡೆ ತಿರುಗಿಸಿತು. ಹತ್ತು ಹೆಜ್ಜೆಯಿಂದ ಒಂದೇ ಗುಂಡು. ಆಮೇಲೆ ಜೇಬಿನಿಂದ ಚೀಟಿ ತೆಗೆದು, ನಿಯಮದಂತೆ ಅದರ ಮೇಲಿನ ಆ ದಿನದ ತಾರೀಕನ್ನು ಚಾಕುವಿನಿಂದ ಕತ್ತರಿಸಿ, ಕೊಂಬಿಗೆ ಕಟ್ಟಿದ. ಗಂಟು ಬೀಳಲು ಹೊತ್ತಾಯಿತು. ನನಗೆ ಅಳು, ಕೋಪ ಎರಡೂ ಒಟ್ಟಿಗೆ ನುಗ್ಗಿದವು. ಚಾಕು ಹಿಡಿದು ದವಡೆಯ ಬಳಿ ಕೂತೆ. ಗುಂಡಿನ ಚೂರು ಅಲ್ಲೇ ಎಲ್ಲೋ ಇರಬೇಕು, ಹುಡುಕಿ ಆ ಹುಡುಗನ ಮುಖಕ್ಕೆ ಎಸೆಯುತ್ತೇನೆ ಅಂದೆ.

"ಬಿಡು," ಅಂದ ಅಪ್ಪ. "ಸಿಕ್ರೆ ಏನ್ ಮಾಡ್ತೀಯ? ಆಮೇಲೂ ಅವನು ನಿನ್ನ ಮಗನೇ. ಊರಲ್ಲಿ ಯಾರಿಗೂ ಹೇಳ್ಕೂಡ್ದು."

ಮುಂಭಾಗದ ಮಾಂಸವೆಲ್ಲಾ ಕೀವು ಹಿಡಿದು ನಾರುತ್ತಿತ್ತು. ತೊಡೆಗಳು ಹೇಗೋ ಉಳಿದಿದ್ದವು, ಒಣಗಿದ ಕಟ್ಟಿಗೆಯ ಹಾಗೆ. ಅವನ್ನು ಚರ್ಮ, ಪಕ್ಕೆಲುಬಿನ ಸಮೇತ ಹೇರಿಕೊಂಡು ಇಳಿದೆವು. ಎರಡು ದಿನದ ನಂತರ ಗ್ಯಾರೆಟ್ ದೊಡ್ಡ ಗಂಡನ್ನು ಹೊಡೆದ. ಒಂಬೈನೂರೈವತ್ತು ಗಜ, ಒಂದೇ ಗುಂಡು, ಇದ್ದಲ್ಲೇ ಬಿತ್ತು. ಆ ಚಿತ್ರವನ್ನು ಲಕ್ಷಾಂತರ ಜನ ನೋಡಿದರಂತೆ. ಮೊದಲ ದಿನದ ಗುಂಡು ಆ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಚಳಿಗಾಲವೆಲ್ಲಾ ಅಪ್ಪ ಆ ಒಣ ಮಾಂಸವನ್ನೇ ತಿಂದ. ಎಷ್ಟು ಬೇಯಿಸಿದರೂ ಹಗ್ಗ ಅಗಿದ ಹಾಗೆ, ಜ್ವರ ಬಂದವನ ಬೆವರಿನ ವಾಸನೆ. ಎಸೆಯೋಣ ಅಂದರೆ ಬಯ್ಯುತ್ತಿದ್ದ. ಗ್ಯಾರೆಟ್ ಒಂದು ಭಾನುವಾರ ಮಧ್ಯಾಹ್ನ ಬಂದ, ಪೆಟ್ಟಿಗೆ ತುಂಬ ತನ್ನ ಎಲ್ಕಿನ ಮಾಂಸ ಹಿಡಿದುಕೊಂಡು, ಕಾಗದದಲ್ಲಿ ಚೆನ್ನಾಗಿ ಸುತ್ತಿ. "ತಾತಂಗೆ," ಅಂದ. ರಾಜಿ ಮಾಡಿಕೊಳ್ಳಲು ಬಂದಿದ್ದಾನೆ ಅಂತ ನನ್ನ ಹಾಳು ಹೆತ್ತ ಕರುಳು ಕರಗಿಹೋಯಿತು. ಊಟಕ್ಕೆ ಕೂರಿಸಿದೆ. ಅಪ್ಪ ತಾನೇ ಎದ್ದು, ಪಾತ್ರೆಯಿಂದ ಬಡಿಸಿ, ಮೊಮ್ಮಗನ ಮುಂದೆ ತಟ್ಟೆ ಇಟ್ಟ.

ಗ್ಯಾರೆಟ್ ಒಂದು ತುಂಡು ಬಾಯಿಗೆ ಹಾಕಿಕೊಂಡ. ಅಗಿದ. ಮುಖ ಕಿವುಚಿ ಕರವಸ್ತ್ರಕ್ಕೆ ಉಗಿದ.

"ಇದೇನ್ ತಾತ ಇದು? ನಾರ್ತಾ ಇದೆ. ನಾನು ತಂದಿರೋದನ್ನ ಬೇಯಿಸ್ಬಾರ್ದಾ?"

"ಇದೂ ನಿಂದೇ ಮಗಾ," ಅಂದ ಅಪ್ಪ, ದನಿ ಏರಿಸದೆ. "ಅದಕ್ಕೆ ಅಗಿಯೋಕೆ ದವಡೆ ಇರ್ಲಿಲ್ಲ. ನಿಂಗಿದೆಯಲ್ಲ. ಅಗಿ."

ಗ್ಯಾರೆಟ್ ನನ್ನ ಕಡೆ ನೋಡಿದ. ಚಿಕ್ಕಂದಿನಿಂದ ತಾತ ಗದರಿದಾಗಲೆಲ್ಲಾ ಹಾಗೆಯೇ ನೋಡುತ್ತಿದ್ದ, ನಾನು ಅಡ್ಡ ಬರುತ್ತಿದ್ದೆ. "ಅಮ್ಮಾ?" ಅಂದ. ಈ ಸಲ ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದೆ.

ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. ತಾನು ತಂದ ಪೆಟ್ಟಿಗೆಯನ್ನೂ ಎತ್ತಿಕೊಂಡ. ಗಾಡಿ ಶುರುವಾದ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಅಪ್ಪ ಮೊಮ್ಮಗ ಬಿಟ್ಟುಹೋದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಅದನ್ನೂ ತಿಂದು ಮುಗಿಸಿದ.